ಮಂಚದ ರೈಲ್, ಮರದ ಕಾಟ್, ನೆಲದ ಹಾಸಿಗೆ: ರಾತ್ರಿ ಎದ್ದು ಹೊರಡುವ ಮಗಳಿಗೆ ಯಾವುದು ಸರಿಹೋಯಿತು

ನಮ್ಮ ಮಗಳಿಗೆ ಈಗ ಒಂದು ವರ್ಷ ಒಂಬತ್ತು ತಿಂಗಳು. ಹತ್ತುವುದು ಅವಳ ಹುಟ್ಟುಗುಣ. ಕುರ್ಚಿಯಿಂದ ಮೇಜು, ಮೇಜಿನಿಂದ ಕಿಟಕಿಯ ಸರಳು. ಹಗಲಲ್ಲಿ ನಾನು, ನಮ್ಮವರು, ಅತ್ತೆ, ಮೂವರಲ್ಲಿ ಒಬ್ಬರ ಕಣ್ಣಾದರೂ ಅವಳ ಮೇಲಿರುತ್ತದೆ. ರಾತ್ರಿಯದ್ದೇ ಭಯ. ಎಲ್ಲರೂ ಗಾಢ ನಿದ್ದೆಯಲ್ಲಿರುವಾಗ ಎದ್ದು ಕೂರುತ್ತಾಳೆ. ಅಳುವುದಿಲ್ಲ, ಕರೆಯುವುದಿಲ್ಲ, ಸುಮ್ಮನೆ ಹೊರಟುಬಿಡುತ್ತಾಳೆ.

ನಮ್ಮದು ಮೈಸೂರಿನಲ್ಲಿ ಬಾಡಿಗೆ ಮನೆ. ಮಲಗುವ ಕೋಣೆ ಹತ್ತಡಿಗೆ ಹನ್ನೊಂದಡಿ, ಅದಕ್ಕೇ ಅಂಟಿಕೊಂಡ ಬಚ್ಚಲು. ಕೆಳಗೆ ಸಾಮಾನಿಡುವ ಪೆಟ್ಟಿಗೆ ಇರುವ ಡಬಲ್ ಮಂಚ, ನೆಲಕ್ಕೆ ಟೈಲ್ಸ್. ಟೇಪು ಹಿಡಿದು ಅಳೆದೆ: ನೆಲದಿಂದ ಹಾಸಿಗೆಯ ಮೇಲ್ಭಾಗಕ್ಕೆ 22 ಇಂಚು. ಈ ಎಂಟು ತಿಂಗಳಲ್ಲಿ ಒಂದಾದ ಮೇಲೊಂದು ನಾಲ್ಕು ಬಗೆ ಮಾಡಿ ನೋಡಿದ್ದೇವೆ.

ಮೊದಲನೆಯದು ದಿಂಬಿನ ಸಾಲು, ಎಲ್ಲ ಮನೆಗಳಲ್ಲೂ ಮಾಡುವುದೇ. ಒಂದು ಕಡೆ ಗೋಡೆ, ಇನ್ನೊಂದು ಕಡೆ ನಾನು, ಕಾಲಿನ ಕಡೆ ಎರಡು ಲೋಡು. ಅವಳಿಗೆ ಹದಿಮೂರು ತಿಂಗಳಿದ್ದಾಗ ಲೋಡಿನ ಮೇಲೆ ಹತ್ತಿ ಆಚೆ ಬಿದ್ದಳು. ಹಣೆ ಊದಿಕೊಂಡಿತು. ಮಕ್ಕಳ ಡಾಕ್ಟರು ನೋಡಿ, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು, ಫಿಟ್ಸ್, ಕಿವಿ ಮೂಗಿನಿಂದ ನೀರು ಅಥವಾ ರಕ್ತ, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಬನ್ನಿ ಎಂದರು. ಏನೂ ಆಗಲಿಲ್ಲ. ಆದರೆ ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಗೋಡೆಯ ಕಡೆಯೂ ನಾವು ಅಂದುಕೊಂಡಷ್ಟು ಭದ್ರವಲ್ಲ ಅನ್ನುವುದು ಆಮೇಲೆ ತಿಳಿಯಿತು. ಮಂಚ ದಿನಕ್ಕೆ ಕೂದಲೆಳೆಯಷ್ಟು ಸರಿದು, ತಿಂಗಳ ಕೊನೆಗೆ ಗೋಡೆಗೂ ಹಾಸಿಗೆಗೂ ನಡುವೆ ನನ್ನ ಕೈ ಇಳಿಯುವಷ್ಟು ಸಂದು ಬಿಟ್ಟಿತ್ತು. ಮಗು ಆ ಸಂದಿಗೆ ಜಾರಿದರೆ ಉಸಿರು ಕಟ್ಟುತ್ತದೆ. ಬೀಳುವುದಕ್ಕಿಂತ ಅಪಾಯ ಅದು.

ಮರುವಾರವೇ ಬೆಡ್ ರೈಲ್, ಅಂದರೆ ಮಂಚದ ಅಂಚಿಗೆ ನಿಲ್ಲಿಸುವ ಬೇಲಿ, ತರಿಸಿದೆವು. ಆರಡಿ ಉದ್ದ, ಬಲೆಬಟ್ಟೆ, ಕಬ್ಬಿಣದ ಪೈಪು, ಸುಮಾರು ಎರಡು ಸಾವಿರ ರೂಪಾಯಿ. ಪೈಪಿನ ಅಡ್ಡ ಕಾಲುಗಳನ್ನು ಹಾಸಿಗೆಯ ಕೆಳಗೆ ತೂರಿಸಿ, ನಮ್ಮ ಭಾರದಿಂದಲೇ ಅದು ನಿಲ್ಲಬೇಕು. ಮೊದಲ ಹದಿನೈದು ದಿನ ದೇವರು ಕಣ್ಣುಬಿಟ್ಟ ಹಾಗೆ ಅನ್ನಿಸಿತು. ನಿದ್ದೆಯಲ್ಲಿ ಉರುಳಿ ಬಂದು ಬಲೆಗೆ ತಾಗುತ್ತಿದ್ದಳು, ಅಲ್ಲೇ ಮತ್ತೆ ಮಲಗುತ್ತಿದ್ದಳು. ಒಂದು ದಿನ ಹಾಸಿಗೆ ಝಾಡಿಸುವಾಗ ರೈಲನ್ನು ಮೊಣಕಾಲಿನಿಂದ ಹೊರಕ್ಕೆ ಒತ್ತಿ ನೋಡಿದೆ. ಹಾಸಿಗೆಗೂ ರೈಲಿಗೂ ನಡುವೆ ಮೂರು ಬೆರಳು ಜಾಗ ತೆರೆದುಕೊಂಡಿತು. ನಮ್ಮದು ತೆಂಗಿನ ನಾರಿನ ಗಟ್ಟಿ ಹಾಸಿಗೆ, ಅದಕ್ಕೇ ಹೀಗಾದರೆ ಮೆತ್ತನೆ ಹಾಸಿಗೆಗೆ ಇನ್ನೆಷ್ಟೋ. ಆಮೇಲೆ ಕೈಪಿಡಿ ತೆಗೆದು ಓದಿದೆ. ಇಂಥ ರೈಲುಗಳು ಎರಡರಿಂದ ಐದು ವರ್ಷದ, ತಾನಾಗಿಯೇ ಮಂಚ ಹತ್ತಿ ಇಳಿಯಬಲ್ಲ ಮಕ್ಕಳಿಗೆ ಎಂದು ಅದರಲ್ಲೇ ಬರೆದಿತ್ತು. ಮಾರುವಾಗ ತೋರಿಸುವ ಫೋಟೋದಲ್ಲಿ ಮಾತ್ರ ಆರು ತಿಂಗಳ ಮಗು!

ಅಡ್ಡಪಟ್ಟಿಗಳಿಂದ ಬಿಗಿದು ಸಂದು ಮುಚ್ಚಿದೆವು. ಅಷ್ಟರಲ್ಲಿ ಅವಳು ಬಲೆಬಟ್ಟೆಯ ಹೊಲಿಗೆಯಲ್ಲಿ ಕಾಲ್ಬೆರಳು ಊರಿ ಮೇಲಿನ ಪೈಪಿನ ಮೇಲೆ ಹೊಟ್ಟೆ ಹಾಕುವುದನ್ನು ಕಲಿತಳು. ಹಾಸಿಗೆ 22 ಇಂಚು, ರೈಲು 20 ಇಂಚು. ಮೊದಲು ಎರಡಡಿಗಿಂತ ಕಡಿಮೆ ಎತ್ತರದಿಂದ ಬೀಳುತ್ತಿದ್ದವಳನ್ನು ಈಗ ಮೂರೂವರೆ ಅಡಿಯಿಂದ, ಅದೂ ತಲೆ ಮುಂದಾಗಿ, ಬೀಳುವ ಹಾಗೆ ನಾವೇ ಮಾಡಿದ್ದೆವು. ಉರುಳುವ ಮಗುವಿಗೆ ಬೇಲಿ ರಕ್ಷಣೆ. ಹತ್ತುವ ಮಗುವಿಗೆ ಅದೇ ಬೇಲಿ ಇನ್ನೊಂದು ಮೆಟ್ಟಿಲು. ಇದು ನನಗೆ ಅರ್ಥವಾಗಲು ಎರಡು ತಿಂಗಳು ಬೇಕಾಯಿತು. ಬೇರೆ ತಾಯಂದಿರಿಗೆ ಅಷ್ಟು ದಿನ ಹಿಡಿಯಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಅತ್ತೆ ಸೀರೆಯ ಜೋಲಿ ಕಟ್ಟೋಣ ಅಂದರು. ನಮ್ಮವರನ್ನು ಬೆಳೆಸಿದ್ದು ಅದರಲ್ಲೇ. ಎದ್ದು ಕೂರುವ ಮಗುವಿಗೆ ಜೋಲಿ ಆಗುವುದಿಲ್ಲ, ಅದು ಅವರಿಗೂ ಗೊತ್ತಿತ್ತು. ಸೊಳ್ಳೆಪರದೆಯನ್ನು ಹಾಸಿಗೆಯ ಸುತ್ತ ಸಿಕ್ಕಿಸಿದರೆ ಗೋಡೆಯ ಹಾಗೆ ಕಾಣುತ್ತದೆ, ಆದರೆ ಮಂಚದ ಮೇಲಿನ ಪರದೆ ಮಗುವಿನ ಭಾರ ತಡೆಯುವುದಿಲ್ಲ. ಪರದೆ ಸಮೇತ ಜಾರಿಬಿಡುತ್ತದೆ.

ಮೂರನೆಯದು ಮರದ ಕಾಟ್, ಅಂದರೆ ನಾಲ್ಕೂ ಬದಿಗೆ ಪಟ್ಟಿಗಳ ಬೇಲಿ ಇರುವ ಮಗುವಿನ ಮಂಚ. ಗೆಳತಿಯ ಮನೆಯಲ್ಲಿ ಸುಮ್ಮನೆ ಇತ್ತು, ತಂದೆವು. ತಂದ ದಿನವೇ ಎರಡು ವಿಷಯ ಪರೀಕ್ಷಿಸಿದೆ. ಒಂದು, ಪಟ್ಟಿಗಳ ನಡುವಿನ ಸಂದು. ಅದು 6 ಸೆಂ.ಮೀ. ಮೀರಬಾರದು, ಮೀರಿದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ. ಇದರದ್ದು ಐದೂವರೆ ಇತ್ತು. ಎರಡು, ಒಂದು ಬದಿ ಕೆಳಕ್ಕೆ ಜಾರುವ ಮಾದರಿಯೇ ಎಂದು. ಅಂಥ ಬದಿ ಕಳಚಿಕೊಂಡು ಮಕ್ಕಳು ಸಿಕ್ಕಿ ಸತ್ತದ್ದರಿಂದ ಅಮೆರಿಕದಲ್ಲಿ 2011ರ ಜೂನ್‌ನಿಂದ ಅವುಗಳ ಮಾರಾಟವನ್ನೇ ನಿಷೇಧಿಸಿದ್ದಾರೆ. ನಮ್ಮಲ್ಲಿ ಹಳೆಯವು ಇನ್ನೂ ಮನೆಯಿಂದ ಮನೆಗೆ ಕೈ ಬದಲಾಗುತ್ತಲೇ ಇವೆ. ನಮಗೆ ಸಿಕ್ಕಿದ್ದು ನಾಲ್ಕು ಬದಿಯೂ ಬಿಗಿಯಾಗಿದ್ದ ಕಾಟ್. ತಳವನ್ನು ಅತಿ ಕೆಳಗಿನ ಮಟ್ಟಕ್ಕೆ ಇಳಿಸಿ ಸ್ಕ್ರೂ ಬಿಗಿದೆವು.

ಇದು ನಿಜಕ್ಕೂ ಒಳ್ಳೆಯ ವಸ್ತು. ನಾಲ್ಕು ತಿಂಗಳು ನಿಶ್ಚಿಂತೆಯಾಗಿ ಮಲಗಿದೆವು. ಒಂದು ವರ್ಷದೊಳಗಿನ ಮಗುವಿದ್ದರೆ ನಾನು ಬೇರೆ ಯಾವುದನ್ನೂ ಹೇಳುವುದಿಲ್ಲ: ಗಟ್ಟಿ ಹಾಸಿಗೆಯ ಕಾಟ್, ಒಳಗೆ ದಿಂಬು ಬೊಂಬೆ ರಜಾಯಿ ಏನೂ ಇಲ್ಲದೆ. ಆದರೆ ಮಗು 35 ಇಂಚು ಎತ್ತರವಾದ ಮೇಲೆ ಕಾಟ್ ಬಿಡಿಸಬೇಕು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ನಮ್ಮವಳು 32 ಇಂಚಿಗೇ ದಾಟಿದಳು. ಅಜ್ಜಿ ಪ್ರೀತಿಯಿಂದ ಇಟ್ಟಿದ್ದ ಬಟ್ಟೆಯ ಆನೆಯನ್ನು ಮೂಲೆಗೆ ಎಳೆದುಕೊಂಡು, ಅದರ ಬೆನ್ನ ಮೇಲೆ ನಿಂತು, ಒಂದು ಕಾಲು ಆಚೆ ಹಾಕಿದ್ದಳು. ನಾನು ಹಿಡಿದುಕೊಂಡೆ. "ಇಳೀತೀನಿ" ಅಂದಳು. ಆನೆಯನ್ನು ತೆಗೆದೆವು. ಮೂರು ದಿನ ಬಿಟ್ಟು ಆನೆಯಿಲ್ಲದೆಯೂ ಹತ್ತಿದಳು. ಮಗು ಒಮ್ಮೆ ಕಾಟ್ ದಾಟಿತೆಂದರೆ ಅದರ ಕಾಲ ಮುಗಿಯಿತು.

ಈಗ ನೆಲದ ಹಾಸಿಗೆ. ಮಂಚದ ಹಾಸಿಗೆಯನ್ನೇ ಕೆಳಗಿಳಿಸಿ ಮೂವರೂ ನೆಲದಲ್ಲಿ ಮಲಗುತ್ತೇವೆ. ಆರು ಇಂಚಿನ ಎತ್ತರ, ಸುತ್ತ ಚಾಪೆ. ಬಿದ್ದರೂ ಎಚ್ಚರವಾಗುವುದಿಲ್ಲ ಅವಳಿಗೆ. ಸೊಳ್ಳೆಪರದೆಯೂ ಇಲ್ಲಿ ಉಪಯೋಗಕ್ಕೆ ಬಂತು. ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದರೆ ಅದನ್ನು ಎಳೆದು ಹೊರಬರಲು ಅವಳಿಗೆ ಒಂದೆರಡು ನಿಮಿಷ ಬೇಕು, ಆ ಗುದ್ದಾಟಕ್ಕೆ ನನಗೆ ಎಚ್ಚರವಾಗುತ್ತದೆ. ತೊಂದರೆ ಇಲ್ಲವೆಂದಲ್ಲ. ಆಷಾಢದ ಮಳೆಯಲ್ಲಿ ಒಂದು ವಾರ ಹಾಸಿಗೆ ಎತ್ತದೆ ಬಿಟ್ಟದ್ದಕ್ಕೆ ಅಡಿಯಲ್ಲಿ ಕಪ್ಪು ಬೂಷ್ಟು ಬಂತು. ಈಗ ದಿನಾ ಬೆಳಿಗ್ಗೆ ಎತ್ತಿ ಗೋಡೆಗೆ ಒರಗಿಸುತ್ತೇವೆ. ಇರುವೆ ಬರುತ್ತದೆ. ನಮ್ಮವರ ಸೊಂಟಕ್ಕೆ ಏಳುವಾಗ ಕಷ್ಟ. ಇಷ್ಟಾದರೂ ಮಂಚಕ್ಕೆ ವಾಪಸ್ ಹೋಗೋಣ ಎಂದು ಯಾರೂ ಅಂದಿಲ್ಲ.

ಆದರೆ ನೆಲಕ್ಕೆ ಬಂದರೆ ಬೀಳುವ ಭಯವಷ್ಟೇ ಹೋಗುತ್ತದೆ, ಕೋಣೆಯೆಲ್ಲ ಮಗುವಿನ ಕೈಗೆ ಸಿಗುತ್ತದೆ. ನಾಲ್ಕನೇ ರಾತ್ರಿ ಎಚ್ಚರವಾದಾಗ ಪಕ್ಕದಲ್ಲಿ ಜಾಗ ಖಾಲಿ. ಬಚ್ಚಲಿನ ಬಾಗಿಲು ಒಂದು ಗೇಣು ತೆರೆದಿತ್ತು. ಕತ್ತಲಲ್ಲಿ ತುಂಬಿದ ಬಕೆಟ್ ಪಕ್ಕ ಕೂತು, ಮಗ್ಗಿನಿಂದ ನೀರು ಮೊಗೆದು ಮೊಗೆದು ಅದರಲ್ಲೇ ಸುರಿಯುತ್ತಿದ್ದಳು. ಅಂಗಿಯ ತೋಳು ತೊಯ್ದಿತ್ತು. ಈ ವಯಸ್ಸಿನ ಮಕ್ಕಳಿಗೆ ತಲೆಯೇ ಭಾರ. ಬಕೆಟ್ಟಿಗೆ ಬಗ್ಗಿ ತಲೆಕೆಳಗಾದರೆ ತಾವಾಗಿ ಮೇಲೇಳಲಾರರು, ಎರಡಿಂಚು ನೀರೂ ಸಾಕು. ನಾನು ಅವಳನ್ನು ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಬೆಳಿಗ್ಗೆ ನೀರು ಬರುವುದು ಖಾತ್ರಿಯಿಲ್ಲವೆಂದು ರಾತ್ರಿ ತುಂಬಿಸಿಡುವ ಅಭ್ಯಾಸ ನಮ್ಮದು. ಅಂದಿನಿಂದ ನೀರು ಅಡುಗೆಮನೆಯ ಕಟ್ಟೆಯ ಮೇಲೆ, ಮುಚ್ಚಳ ಹಾಕಿದ ಡ್ರಮ್ಮಿನಲ್ಲಿ. ಬಚ್ಚಲಿನ ಬಾಗಿಲಿಗೆ ಹೊರಗಡೆ, ನನ್ನ ತಲೆಯ ಎತ್ತರಕ್ಕೆ ಒಂದು ಚಿಲಕ. ಐವತ್ತು ರೂಪಾಯಿಯೂ ಆಗಲಿಲ್ಲ. ಹಾಗೆಯೇ ಕೋಣೆಯ ಬಾಗಿಲಿನ ಒಳಗಡೆಯ ಕೆಳಚಿಲಕ ಬಿಚ್ಚಿಸಿದೆವು. ಮಗು ಒಳಗಿನಿಂದ ಹಾಕಿಕೊಂಡರೆ ಬಾಗಿಲು ಒಡೆಯಬೇಕಾಗುತ್ತದೆ.

ಕೋಣೆಯ ಬಾಗಿಲಿಗೆ ಮೂರು ಉಪಾಯ ಹೋಲಿಸಿದೆವು. ಬಾಗಿಲಿನ ಚೌಕಟ್ಟಿನ ನಡುವೆ ಒತ್ತಿ ನಿಲ್ಲಿಸುವ ಮಕ್ಕಳ ಗೇಟಿನ ಕೆಳಗೆ ಒಂದು ಅಡ್ಡಪಟ್ಟಿ ಇರುತ್ತದೆ. ಕತ್ತಲಲ್ಲಿ ಅತ್ತೆ ಎಡವಿದರು. ವಯಸ್ಸಾದವರಿರುವ ಮನೆಗೆ ಅದು ಬೇಡ. ಕ್ಯಾಮೆರಾ ಹಗಲಿನ ನಿದ್ದೆಗೆ ಸರಿ, ಆದರೆ ರಾತ್ರಿ ಫೋನು ಸದ್ದು ಮಾಡುವ ಹೊತ್ತಿಗೆ ಅವಳು ನಡುಮನೆಯಲ್ಲಿ. ಕರೆಂಟ್ ಹೋದರೆ ಅದೂ ಇಲ್ಲ. ಅತ್ತೆಯೇ ದಾರಿ ತೋರಿಸಿದರು. "ಕಾಲಿಗೆ ಗೆಜ್ಜೆ ಹಾಕು ಕಣಮ್ಮಾ, ಎದ್ದರೆ ಗೊತ್ತಾಗುತ್ತೆ" ಅಂದರು. ಕಾಲಿಗೆ ಬೇಡವೆಂದೆ. ಗೆಜ್ಜೆಯ ಕಾಳು ಕಿತ್ತು ಬಾಯಿಗೆ ಹೋಗಬಹುದು. ಅವರದೇ ಹಳೆಯ ಗೆಜ್ಜೆಯ ಪಟ್ಟಿಯನ್ನು ಬಾಗಿಲಿನ ಮೇಲಿನ ಅಂಚಿಗೆ ಮೊಳೆ ಹೊಡೆದು ಕಟ್ಟಿದೆವು. ಬಾಗಿಲು ಒಂದಿಂಚು ಅಲುಗಿದರೆ ಝಲ್ ಅನ್ನುತ್ತದೆ. ಮೂರರಲ್ಲಿ ಗೆದ್ದದ್ದು ಅದು.

ಕೊನೆಗೆ ಬೀರು. ಡ್ರಾಯರುಗಳನ್ನು ಎಳೆದರೆ ಅದೇ ಏಣಿ, ಮಗು ಹತ್ತಿದರೆ ಬೀರುವೇ ಮುಂದಕ್ಕೆ ಉರುಳುತ್ತದೆ. ಹೀಗೆ ಮಕ್ಕಳು ಸತ್ತದ್ದಕ್ಕೇ 2016ರಲ್ಲಿ ಪೀಠೋಪಕರಣ ಕಂಪನಿ ಐಕಿಯಾ ಅಮೆರಿಕದಲ್ಲಿ ಸುಮಾರು 2.9 ಕೋಟಿ ಡ್ರಾಯರ್ ಬೀರುಗಳನ್ನು ವಾಪಸ್ ಕರೆಸಿಕೊಂಡದ್ದು. ಗೋಡೆಗೆ ಮೊಳೆ ಹೊಡೆಯಬಾರದೆಂದಿದ್ದ ಮನೆ ಓನರು, ಕಾರಣ ಹೇಳಿದಾಗ ತಾವೇ ಡ್ರಿಲ್ ತಂದು ಎಲ್ ಆಕಾರದ ಪಟ್ಟಿ ಹಾಕಿಕೊಟ್ಟರು. ಸೊಳ್ಳೆಯ ದ್ರವದ ಮಶೀನು ಕೆಳಗಿನ ಪ್ಲಗ್ಗಿನಿಂದ ಮೇಲಿನ ಸ್ವಿಚ್‌ಬೋರ್ಡಿಗೆ ಹೋಯಿತು. ಎಸಿ ರಿಮೋಟು, ಬಟನ್ ಸೆಲ್ ಇರುವ ಆಟಿಕೆ ಯಾವುದೂ ರಾತ್ರಿ ಈ ಕೋಣೆಯಲ್ಲಿರುವುದಿಲ್ಲ.

ಕಾಟ್ ಗೆಳತಿಯ ಮನೆಗೆ ವಾಪಸ್ ಹೋಗಿದೆ, ಅವರಿಗೆ ಎರಡನೆಯದು ಬರುವುದರಲ್ಲಿದೆ. ಬೆಡ್ ರೈಲು ನನ್ನ ತಂಗಿಯ ಮನೆಯಲ್ಲಿದೆ. ಅವಳ ಮಗನಿಗೆ ಮೂರೂವರೆ ವರ್ಷ, ನಿದ್ದೆಯಲ್ಲಿ ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತಾನೆ, ಆದರೆ ಹತ್ತುವ ಮಗುವಲ್ಲ. ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತಿದೆ.