ಬೇಸಿಗೆಯಲ್ಲಿ ಮರಗೆಲಸ: ಫ್ಯಾನು, ಕೂಲರು, ಏಸಿ, ಬಿಳಿ ಚಾವಣಿ ಬಳಸಿ ಕಂಡದ್ದು

ಮಲಗುವ ಕೋಣೆಗೆ ಹೊಂದುವ ತಂಪಿನ ಉಪಾಯ ಮರಗೆಲಸದ ಕೋಣೆಗೂ ಹೊಂದಬೇಕೆಂದಿಲ್ಲ. ತಂಪು ಬೇಕಿರುವುದು ನಮ್ಮ ಮೈಗೆ. ಆದರೆ ಅದಕ್ಕೆಂದು ಮಾಡುವ ಪ್ರತಿಯೊಂದು ಏರ್ಪಾಟೂ ಹಲಗೆಯ ತೇವವನ್ನು, ಕಬ್ಬಿಣದ ಹೊಳಪನ್ನು, ಅಂಟು ಆರುವ ವೇಗವನ್ನು, ಗಾಳಿಯಲ್ಲಿ ತೇಲುವ ಹುಡಿಯನ್ನು ಮುಟ್ಟದೆ ಬಿಡುವುದಿಲ್ಲ. ಮನೆಗೆ ತಾಗಿಕೊಂಡಿರುವ ನನ್ನ ಕೋಣೆ 12 ಅಡಿ ಅಗಲ, 15 ಅಡಿ ಉದ್ದ, 9 ಅಡಿ ಎತ್ತರ. ಮೇಲೆ ತಗಡು, ಪಶ್ಚಿಮಕ್ಕೆ ಕಿಟಕಿ, ಅದರ ಎದುರು ಬಾಗಿಲು. ಇಲ್ಲೇ ಫ್ಯಾನು, ಎಕ್ಸಾಸ್ಟ್, ಕೂಲರು, ಏಸಿ, ಚಾವಣಿಗೆ ಬಿಳಿ ಬಣ್ಣ ಎಲ್ಲವನ್ನೂ ಬಳಸಿ ನೋಡಿದ್ದೇನೆ. ಮೈಗೆ ಯಾವುದು ಹಿತ ಎಂದಷ್ಟೇ ಕೇಳಿದರೆ ಏಸಿಯೇ ಮೊದಲು. ಕೆಲಸಕ್ಕೂ ಹಿತವಾಗಬೇಕು ಎಂದರೆ ಲೆಕ್ಕ ಬೇರೆ.

ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ, ಬೆವರನ್ನು ಬೇಗ ಆರಿಸುತ್ತದೆ. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ ಸೆಲ್ಸಿಯಸ್. ಕೋಣೆಯ ಗಾಳಿ ಅದಕ್ಕಿಂತ ಕೆಳಗಿರುವ ತನಕ ಫ್ಯಾನು ಎರಡು ರೀತಿಯಲ್ಲಿ ನೆರವಾಗುತ್ತದೆ: ಮೈಯ ಶಾಖವನ್ನೂ ಒಯ್ಯುತ್ತದೆ, ಬೆವರನ್ನೂ ಆರಿಸುತ್ತದೆ. ಗಾಳಿ ಅದಕ್ಕಿಂತ ಬಿಸಿಯಾದರೆ ಮೈಗೆ ಶಾಖ ತಂದು ಸುರಿಯತೊಡಗುತ್ತದೆ; ಬೆವರು ಆರಿದ ತಂಪೊಂದೇ ಉಳಿಯುತ್ತದೆ. ಕೈಗರಗಸ, ಉಳಿ, ಕೀಸುಳಿಯ ಕೆಲಸಕ್ಕೆ ಪಕ್ಕದಿಂದ ಬೀಸುವ ಪೆಡೆಸ್ಟಲ್ ಫ್ಯಾನಿಗಿಂತ ಹೆಚ್ಚಿನದು ನನಗೆ ಬಹುತೇಕ ದಿನ ಬೇಕಾಗಿಲ್ಲ. ತೊಂದರೆ ಶುರುವಾಗುವುದು ಮರವನ್ನು ಉಜ್ಜಿ ನುಣುಪು ಮಾಡುವ ಸ್ಯಾಂಡರ್ ಯಂತ್ರ ಹಚ್ಚಿದಾಗ. ಕಣ್ಣಿಗೆ ಕಾಣುವ ಹೊಟ್ಟು ನೆಲಕ್ಕೆ ಬೀಳುತ್ತದೆ. ಕಾಣದ ನುಣ್ಣನೆಯ ಹುಡಿ ಗಂಟೆಗಟ್ಟಲೆ ತೇಲುತ್ತದೆ, ಫ್ಯಾನು ಅದನ್ನು ಮತ್ತೆ ಮತ್ತೆ ಎಬ್ಬಿಸುತ್ತದೆ. ಇದು ಬರೀ ಸೀನಿನ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಹುಡಿಯನ್ನು 1995ರಲ್ಲೇ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ. ಹಾಗಾಗಿ ಸೆಕೆ ಎಷ್ಟೇ ಇದ್ದರೂ ಸ್ಯಾಂಡಿಂಗ್ ಮಾಡುವಾಗ ಮಾಸ್ಕ್ ತೆಗೆಯಬಾರದು. ಮಾಸ್ಕಿನೊಳಗೆ ಬೆವರಿ ಉಸಿರು ಕಟ್ಟುವವರಿಗೆ ಬ್ಯಾಟರಿಯ ಮೋಟಾರಿನಿಂದ ಸೋಸಿದ ಗಾಳಿಯನ್ನು ಮುಖದ ಮೇಲೆ ಹರಿಸುವ ಮುಖಕವಚ ನಿಜಕ್ಕೂ ವರದಾನ.

ಸೀಲಿಂಗ್ ಫ್ಯಾನನ್ನು ನಾನು ಇಲ್ಲಿಂದ ತೆಗೆಸಿಬಿಟ್ಟೆ. ತಗಡಿನ ಕೆಳಗೆ ಕಟ್ಟಿಕೊಂಡ ಬಿಸಿಗಾಳಿಯನ್ನು ಅದು ತಲೆಯ ಮೇಲೆ ತಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, 8 ಅಡಿ ಉದ್ದದ ಹಲಗೆಯನ್ನು ನೆಟ್ಟಗೆ ಎತ್ತಿ ತಿರುಗಿಸುವ ಜಾಗದಲ್ಲಿ ತಲೆಯ ಮೇಲೆ ರೆಕ್ಕೆಗಳು ತಿರುಗುತ್ತಿರಬಾರದು.

ಎಕ್ಸಾಸ್ಟ್ ಫ್ಯಾನು ಮೈಗೆ ಗಾಳಿ ಕೊಡುವುದಿಲ್ಲವೆಂದು ಹಲವರು ಅದನ್ನು ಕೈಬಿಡುತ್ತಾರೆ. ನನ್ನ ಕೋಣೆಯಲ್ಲಿ ಫ್ಯಾನಿಗಿಂತ ಹೆಚ್ಚು ನೆಚ್ಚುವುದು ಅದನ್ನೇ. ಗೋಡೆಯಲ್ಲಿ ಆದಷ್ಟು ಎತ್ತರಕ್ಕೆ, ಬಾಗಿಲಿಗೆ ಎದುರಾಗಿ ಕೂರಿಸಿದರೆ ಚಾವಣಿಯ ಕೆಳಗಿನ ಬಿಸಿಗಾಳಿಯ ಪದರವೇ ಮೊದಲು ಹೊರಗೆ ಹೋಗುತ್ತದೆ, ಜೊತೆಗೆ ತೇಲುವ ಹುಡಿಯೂ. ಬಾಗಿಲ ಕಡೆ ಬೆನ್ನು ಮಾಡಿ ನಿಂತರೆ ಹೊಸ ಗಾಳಿ ನಮ್ಮನ್ನು ದಾಟಿಕೊಂಡು ಹೋಗುತ್ತದೆ, ಹುಡಿ ಮುಖಕ್ಕೆ ಬರುವುದಿಲ್ಲ. ಹೊರಗಿನ ಗಾಳಿ ಒಳಗಿನದಕ್ಕಿಂತ ತಣ್ಣಗಿರುವ ಹೊತ್ತಿನಲ್ಲಿ ಮಾತ್ರ ಇದರ ಪೂರ್ತಿ ಪ್ರಯೋಜನ. ನಡುಮಧ್ಯಾಹ್ನ ಅದು ಹೊರಗಿನ ಬೇಗೆಯನ್ನೇ ಒಳಗೆ ಎಳೆಯಬಹುದು. ಲ್ಯಾಕರ್, ಥಿನ್ನರ್ ಬಳಸುವವರು ಒಂದನ್ನು ಗಮನದಲ್ಲಿಡಬೇಕು: ಆ ಆವಿ ಹೊತ್ತಿಕೊಳ್ಳುವಂಥದ್ದು, ಸಾಧಾರಣ ಎಕ್ಸಾಸ್ಟಿನ ಮೋಟಾರು ಕಿಡಿ ಹಾರಿಸಬಲ್ಲದು. ಅಂಥ ಕೆಲಸ ಬಯಲಿನಲ್ಲೇ ಆಗಲಿ.

ಕೂಲರಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅದರ ಗುಣವೂ ದೋಷವೂ ಹವೆಯ ಮೇಲೆ ನಿಂತಿವೆ. ಒಣ ಹವೆಯಲ್ಲಿ, ಉಷ್ಣತೆ 38 ಡಿಗ್ರಿ, ಆರ್ದ್ರತೆ ಶೇ. 25 ಇದ್ದಾಗ, ಒಳ್ಳೆಯ ಕೂಲರಿನಿಂದ 26-27 ಡಿಗ್ರಿಯ ಗಾಳಿ ಬರುತ್ತದೆ. ಅಷ್ಟು ಕಡಿಮೆ ವಿದ್ಯುತ್ತಿಗೆ ಅದು ದೊಡ್ಡ ಸುಖ. ಅದೇ ಕೂಲರು 32 ಡಿಗ್ರಿ, ಶೇ. 75 ಆರ್ದ್ರತೆಯ ಸೆಕೆಯಲ್ಲಿ ಬರೀ 3 ಡಿಗ್ರಿಯಷ್ಟು ಇಳಿಸಿ, ಬದಲಿಗೆ ಕೋಣೆಯನ್ನೆಲ್ಲ ತೇವ ಮಾಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಬೆವರೂ ಆರುವುದಿಲ್ಲ. ಮೈಗಿಂತ ಹೆಚ್ಚು ತೊಂದರೆ ಹಲಗೆಗೆ. ಶೇ. 50 ಆರ್ದ್ರತೆಯಲ್ಲಿ ಬಹಳ ದಿನ ಇಟ್ಟ ಮರದ ತೇವಾಂಶ ಸುಮಾರು ಶೇ. 9ಕ್ಕೆ ನಿಲ್ಲುತ್ತದೆ, ಶೇ. 75ರಲ್ಲಿ ಅದು ಶೇ. 14ರ ಹತ್ತಿರ. ಈ ವ್ಯತ್ಯಾಸಕ್ಕೆ ತೇಗದಂಥ ಕಡಿಮೆ ಹಿಗ್ಗುವ ಮರದಲ್ಲೂ 300 ಮಿಲಿಮೀಟರ್ ಅಗಲದ ಚಪ್ಪಟೆ ಕೊಯ್ತದ (ದಿಮ್ಮಿಯ ಉಂಗುರಗಳಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಸೀಳಿದ) ಹಲಗೆ ಸುಮಾರು 3 ಮಿಲಿಮೀಟರ್ ಅಗಲವಾಗುತ್ತದೆ. ಇದು ಒಂದು ದಿನದಲ್ಲಿ ಆಗುವುದಲ್ಲ, ವಾರಗಟ್ಟಲೆ ಬೇಕು. ಆದರೆ ಕೂಲರಿನ ಗಾಳಿ ನೇರವಾಗಿ ಒಂದೇ ಬದಿಗೆ ಬಡಿಯುವ ತೆಳು ಹಲಗೆ ಬೇಗನೆ ಬಾಗುತ್ತದೆ. ಬಿಗಿಯಾಗಿ ಕೂರಿಸಿದ ಡ್ರಾಯರು ಸಿಕ್ಕಿಕೊಳ್ಳುವುದು, ಉಳಿಯ ಬಾಯಿಗೆ ತುಕ್ಕಿನ ಚುಕ್ಕೆ ಬೀಳುವುದು ಇದೇ ದಾರಿಯಲ್ಲಿ. ಒಣ ಹವೆಯವರು ಕೂಲರನ್ನು ಧೈರ್ಯವಾಗಿ ಇಟ್ಟುಕೊಳ್ಳಲಿ, ಎದುರಿನ ಕಿಟಕಿ ತೆರೆದಿರಲಿ, ಗಾಳಿ ಮೈಗೆ ಬೀಳಲಿ, ಹಲಗೆಯ ರಾಶಿಗೆ ಬೀಳದಿರಲಿ. ಸೆಕೆಯ ಹವೆಯವರಿಗೆ ನಾನು ಕೂಲರನ್ನು ಹೇಳುವುದಿಲ್ಲ.

ಏಸಿ ಇದಕ್ಕೆ ನೇರ ವಿರುದ್ಧ: ಗಾಳಿಯ ತೇವವನ್ನು ನೀರಾಗಿ ಹೊರಗೆ ಹಾಕುತ್ತದೆ. ಕಬ್ಬಿಣಕ್ಕೂ ಮರಕ್ಕೂ ಅದೇ ಬೇಕು. ಅಂಟು ಹಚ್ಚಿ, ಜೋಡಿಸಿ, ಕ್ಲಾಂಪ್ ಬಿಗಿಯುವಷ್ಟು ಸಮಯವೂ ಸಿಗುತ್ತದೆ. ಬಿಸಿಗೆ ಬಿಳಿ ಅಂಟು ಹಲಗೆಯ ಮೇಲೆ ಬೇಗ ಪೊರೆಗಟ್ಟುತ್ತದೆ. ಎರಡು ಭಾಗ ಕಲಸಿ ಬಳಸುವ ಎಪಾಕ್ಸಿ ಅಂಟಂತೂ 10 ಡಿಗ್ರಿ ಏರಿದರೆ, ಕಲಸಿದ ಮೇಲೆ ಡಬ್ಬಿಯಲ್ಲಿ ಗಟ್ಟಿಯಾಗದೆ ಉಳಿಯುವ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹತ್ತಾರು ಜೋಡಣೆಗಳಿರುವ ಕುರ್ಚಿಯನ್ನು ಅಂಟಿಸುವ ದಿನ ಏಸಿಗೆ ಸಮನಾದದ್ದು ಇನ್ನೊಂದಿಲ್ಲ.

ಆದರೆ ಏಸಿ ಮತ್ತು ಹುಡಿ ಹಾವು ಮುಂಗುಸಿಯಂತೆ. ಒಳಘಟಕದ ಜಾಲರಿ ಮನೆಯ ಧೂಳಿಗಾಗಿ ಮಾಡಿದ್ದು, ನುಣ್ಣನೆಯ ಮರದ ಹುಡಿ ಅದನ್ನು ದಾಟಿ ಒದ್ದೆಯಾದ ತಣ್ಣನೆಯ ಕಾಯಿಲ್‌ಗೆ ಮೆತ್ತಿಕೊಂಡು ಕೆಸರಾಗುತ್ತದೆ, ನೀರು ಹೋಗುವ ಪೈಪು ಕಟ್ಟುತ್ತದೆ. ಜಾಲರಿಯ ಮೇಲೆ ಇನ್ನೊಂದು ಫಿಲ್ಟರ್ ಬಟ್ಟೆ ಹಾಕಿ, ಅದನ್ನು ಮೇಲಿಂದ ಮೇಲೆ ತೊಳೆಯುವುದು, ಸ್ಯಾಂಡಿಂಗ್ ಹೊತ್ತಿನಲ್ಲಿ ಏಸಿ ಆರಿಸಿಡುವುದು ನನ್ನ ಕ್ರಮ. ಹುಡಿಯನ್ನು ಹೀರಿಕೊಳ್ಳುವ ಡಸ್ಟ್ ಕಲೆಕ್ಟರ್ ಯಂತ್ರ ಇದ್ದರೆ ಇನ್ನೊಂದು ಲೆಕ್ಕ ಹಾಕಬೇಕು. ಅದು ನಿಮಿಷಕ್ಕೆ 800 ಘನ ಅಡಿ ಗಾಳಿಯನ್ನು ಹೊರಗೆ ಬಿಡುವಂಥದ್ದಾದರೆ, 1,620 ಘನ ಅಡಿಯ ನನ್ನ ಕೋಣೆಯ ತಣ್ಣನೆಯ ಗಾಳಿಯೆಲ್ಲ ಎರಡೇ ನಿಮಿಷದಲ್ಲಿ ಹೊರಗೆ. ಏಸಿಯ ಜೊತೆಗೆ ಬೇಕಿರುವುದು ಒಳ್ಳೆಯ ಫಿಲ್ಟರಿನಲ್ಲಿ ಸೋಸಿ ಗಾಳಿಯನ್ನು ಒಳಗೇ ಬಿಡುವ ಕಲೆಕ್ಟರ್. ಯಂತ್ರಗಳ ಶಾಖವನ್ನೂ ಮರೆಯುವಂತಿಲ್ಲ: 1.5 ಟನ್ ಏಸಿ ಹೊರಹಾಕುವುದು ಸುಮಾರು 5.3 ಕಿಲೋವ್ಯಾಟ್ ಶಾಖ, ಪೂರ್ತಿ ಭಾರದಲ್ಲಿ ತಿರುಗುವ 2 ಎಚ್‌ಪಿ ಟೇಬಲ್ ಸಾ (ಮೇಜಿಗೆ ಕೂರಿಸಿದ ಗರಗಸದ ಯಂತ್ರ) ತಾನೊಂದೇ ಕೋಣೆಗೆ 1.5 ಕಿಲೋವ್ಯಾಟಿನಷ್ಟು ಸೇರಿಸುತ್ತದೆ.

ಇನ್ನೊಂದು ಸೂಕ್ಷ್ಮ. 32 ಡಿಗ್ರಿ, ಶೇ. 75 ಆರ್ದ್ರತೆಯ ಗಾಳಿಯಲ್ಲಿ 27 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರು ಕೂರುತ್ತದೆ. ಏಸಿಯಲ್ಲಿ 25ಕ್ಕೆ ತಣಿದ, ಯಂತ್ರದ ಎರಕದ ಕಬ್ಬಿಣದ ಟೇಬಲ್ಲು, ಏಸಿ ಆರಿಸಿ ಬಾಗಿಲು ತೆರೆದ ಕೂಡಲೇ ಬೆವರುವುದು ಇದಕ್ಕೇ. ಪೇಸ್ಟ್ ಮೇಣ ಉಜ್ಜಿಡಬೇಕು, ಏಸಿ ಆರಿಸಿದ ಮೇಲೂ ಬಾಗಿಲನ್ನು ಸ್ವಲ್ಪ ಹೊತ್ತು ಮುಚ್ಚಿಯೇ ಇಡಬೇಕು.

ಇಷ್ಟೆಲ್ಲದರ ನಡುವೆ ನನ್ನ ಮನಸ್ಸು ಗೆದ್ದದ್ದು ಯಂತ್ರವಲ್ಲ, ಚಾವಣಿ. ಹಳೆಯ, ಮಾಸಿದ ತಗಡಿನ ಒಳಮೈಗೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದರೆ ಮಧ್ಯಾಹ್ನ 60 ಡಿಗ್ರಿ ದಾಟಿರುತ್ತಿತ್ತು. ಅಷ್ಟು ಕಾದ ತಗಡು ಗಾಳಿಯನ್ನು ಬಿಸಿ ಮಾಡುವುದಲ್ಲದೆ ನೇರವಾಗಿ ನಮ್ಮ ನೆತ್ತಿಗೆ, ಬೆನ್ನಿಗೆ ಶಾಖ ಸೂಸುತ್ತದೆ. ಎಷ್ಟು ಫ್ಯಾನು ಹಾಕಿದರೂ ಆ ಕಾವು ನಿಲ್ಲುವುದಿಲ್ಲ. ಬಿಸಿಲನ್ನು ಹಿಂದಕ್ಕೆ ಕಳಿಸುವ ಬಿಳಿ ಬಣ್ಣವನ್ನು ಹೊರಗೆ ಬಳಿದ ಮೇಲೆ ಅದೇ ಹೊತ್ತಿನಲ್ಲಿ 40-45ರ ಆಸುಪಾಸು. ಒಳಗೆ ನಿಂತರೆ ಗೊತ್ತಾಗುವುದು ತಲೆಯ ಮೇಲಿನ ಸುಡುವಿಕೆ ಹೋದದ್ದು. ಕೂಲರಿನಂತೆ ತೇವ ತರುವುದಿಲ್ಲ, ಫ್ಯಾನಿನಂತೆ ಹುಡಿ ಎಬ್ಬಿಸುವುದಿಲ್ಲ, ವಿದ್ಯುತ್ತೂ ಬೇಡ, ಏಸಿ ಇದ್ದರೆ ಅದರ ಹೊರೆಯನ್ನೂ ಇಳಿಸುತ್ತದೆ. ಧೂಳು ಕೂತು ಬಿಳುಪು ಮಾಸಿದರೆ ಗುಣ ಕಡಿಮೆಯಾಗುವುದರಿಂದ ಬೇಸಿಗೆಗೆ ಮುಂಚೆ ತೊಳೆಯಬೇಕು, ಅಷ್ಟೇ. ಒಳಗಿನಿಂದ ಫಾಯಿಲ್ ಹಾಳೆ ಕಟ್ಟುವುದೂ ಆಗುತ್ತದೆ. ತಗಡಿಗೂ ಅದಕ್ಕೂ ನಡುವೆ ಒಂದು ಇಂಚಿನಷ್ಟು ಗಾಳಿ ಬಿಡಬೇಕು. ಅಂಟಿಸಿಬಿಟ್ಟರೆ ಫಾಯಿಲ್ ಶಾಖವನ್ನು ತಡೆಯದೆ ದಾಟಿಸುತ್ತದೆ. ಫಾಯಿಲ್ ಬದಲು ಥರ್ಮೋಕೋಲ್ ಕಟ್ಟಿದರೆ ಅದನ್ನು ತೆರೆದೇ ಬಿಡುವುದು ಬೇಡ, ಗ್ರೈಂಡರಿನ ಕಿಡಿ ಹಾರುವ ಜಾಗವಿದು. ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಕಟ್ಟಿದ್ದೂ ಒಳಗಿನ ಪರದೆಗಿಂತ ಹೆಚ್ಚು ಕೆಲಸ ಮಾಡಿತು, ಏಕೆಂದರೆ ಗಾಜನ್ನು ದಾಟಿ ಬಂದ ಬಿಸಿಲು ಒಳಗೇ ಉಳಿಯುತ್ತದೆ.

ಹೊತ್ತು ಬದಲಿಸಿಕೊಳ್ಳಿ ಎಂದು ಎಲ್ಲರೂ ಹೇಳುತ್ತಾರೆ. ಬೆಳಗಿನ ಜಾವಕ್ಕೆ ನನ್ನ ತಕರಾರಿಲ್ಲ. ಸಂಜೆಯ ಮಾತು ಮಾತ್ರ ಚಾವಣಿಯನ್ನು ಅವಲಂಬಿಸಿದೆ: ತಗಡು ಬಿಸಿಲು ಇಳಿದ ಸ್ವಲ್ಪ ಹೊತ್ತಿಗೆ ತಣಿಯುತ್ತದೆ, ಕಾಂಕ್ರೀಟಿನ ಚಾವಣಿ ಹಗಲಿಡೀ ಕುಡಿದ ಶಾಖವನ್ನು ರಾತ್ರಿಯವರೆಗೂ ಕೆಳಗೆ ಬಿಡುತ್ತಿರುತ್ತದೆ. ಕಾಂಕ್ರೀಟಿನ ಕೆಳಗೆ ಕೆಲಸ ಮಾಡುವವರಿಗೆ ಸಂಜೆಗಿಂತ ಬೆಳಗೇ ಮೇಲು.

ಕೊರಳಿಗೆ ಒದ್ದೆ ಟವೆಲ್ ಸುತ್ತಿಕೊಳ್ಳುವುದು ಕೈಕೆಲಸಕ್ಕೆ ಸುಖ. ಲೇತ್, ಡ್ರಿಲ್, ಟೇಬಲ್ ಸಾ ಹತ್ತಿರ ಮಾತ್ರ ಅದು ಪ್ರಾಣಕ್ಕೇ ಅಪಾಯ, ತೂಗುವ ತುದಿ ತಿರುಗುವ ಯಂತ್ರಕ್ಕೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಅಲ್ಲಿ ಹಣೆಪಟ್ಟಿ ಸಾಕು. ಬೆವರು ಕಣ್ಣಿಗೂ ಇಳಿಯುವುದಿಲ್ಲ, ಕಬ್ಬಿಣದ ಮೇಲೂ ತೊಟ್ಟಿಕ್ಕುವುದಿಲ್ಲ. ಬಾಯಾರಿಕೆಗೆ ಕಾಯದೆ ಪ್ರತಿ 15-20 ನಿಮಿಷಕ್ಕೆ ಒಂದು ಲೋಟದಷ್ಟು ನೀರು ಕುಡಿಯಬೇಕು. ತಲೆ ಸುತ್ತಿದರೆ, ಅಳತೆ ಎರಡೆರಡು ಸಲ ತಪ್ಪಿದರೆ, ಯಂತ್ರ ಆರಿಸಿ ನೆರಳಿಗೆ ಹೋಗಬೇಕು. ಜೊತೆಯಲ್ಲಿದ್ದವರು ತಡಬಡಿಸಿ ಮಾತಾಡತೊಡಗಿದರೆ, ಗೊಂದಲಕ್ಕೆ ಬಿದ್ದರೆ ಅದು ಬಿಸಿಲಾಘಾತ ಇರಬಹುದು: ತಕ್ಷಣ ಮೈಗೆ ತಣ್ಣೀರು ಹಾಕಿ ಗಾಳಿ ಬೀಸಬೇಕು, ಆ್ಯಂಬುಲೆನ್ಸ್ ಕರೆಸಬೇಕು.