ಐದು ಡ್ರಾಫ್ಟ್, ಒಂದು ರೂಕಿ ಗೈಡ್: ದುಡ್ಡು ಕೊಡಬಹುದಾ?

ಫ್ಯಾಂಟಸಿ ಅಮೆರಿಕನ್ ಫುಟ್‌ಬಾಲ್ ಆಡುವವರು ಹೊಸ ಆಟಗಾರರನ್ನು, ಅಂದರೆ ರೂಕಿಗಳನ್ನು, ಆರಿಸಿಕೊಳ್ಳಲು ದುಡ್ಡು ಕೊಟ್ಟು ಓದುವ ಒಂದು ಗೈಡ್‌ನ ವಿಮರ್ಶೆ ಇದು. ಮೊದಲು ಮಾರ್ಕ್ಸ್ ಹೇಳಿಬಿಡುತ್ತೇನೆ. 5ಕ್ಕೆ 3.5. ಒಬ್ಬೊಬ್ಬ ಆಟಗಾರನ ಬಗ್ಗೆ ಬರೆದ ಪುಟಗಳಿಗೆ ನಾಲ್ಕೂವರೆ, ಕೊನೆಗೆ ಕೊಡುವ ರ‍್ಯಾಂಕ್ ಪಟ್ಟಿಗೆ ಎರಡು. ಸರಾಸರಿ ಹಾಕಿದರೆ ಮೂರೂಕಾಲು ಬರುತ್ತದೆ. ಉಳಿದ ಕಾಲು ಮಾರ್ಕು ಬಕಿ ಅರ್ವಿಂಗ್ ಅನ್ನುವ ಆಟಗಾರನ ಹೆಸರಿನಲ್ಲಿ ಗ್ರೇಸ್. ಅವನ ಕಥೆ ಆಮೇಲೆ.

ನಾನಿರುವುದು ಒಹಾಯೊದ ಕೊಲಂಬಸ್‌ನಲ್ಲಿ. ಸೀಸನ್ ಶುರುವಾದರೆ ಈ ಊರಿನಲ್ಲಿ ಶನಿವಾರ ಅಂದರೆ ಒಹಾಯೊ ಸ್ಟೇಟ್ ಕಾಲೇಜು ತಂಡದ ಮ್ಯಾಚ್, ಬೇರೆ ಮಾತಿಲ್ಲ. ಬಂದ ಹೊಸದರಲ್ಲಿ ನನಗೆ ಅಮೆರಿಕನ್ ಫುಟ್‌ಬಾಲ್‌ನ ತಲೆಬುಡ ಅರ್ಥವಾಗುತ್ತಿರಲಿಲ್ಲ. ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನ ಕೆಲಸ ಮಾತ್ರ ಬೇಗ ತಲೆಗೆ ಹತ್ತಿತು. ಯಾಕೆಂದರೆ ಅದು ಹೆಚ್ಚುಕಡಿಮೆ ಕಬಡ್ಡಿ ರೈಡರ್ ಕೆಲಸ. ಹಿಡಿದು ಕೆಡವಲು ಎದುರಿಗೆ ಜನ ಕಾದಿರುತ್ತಾರೆ, ಇವನು ಸಂದು ಹುಡುಕಿ ನುಗ್ಗಬೇಕು. ಉಸಿರು ಹಿಡಿಯಬೇಕಿಲ್ಲ, ಗೆರೆ ಮುಟ್ಟಲು ವಾಪಸ್ ಓಡಬೇಕಿಲ್ಲ, ಅಷ್ಟೇ ವ್ಯತ್ಯಾಸ.

ಆಫೀಸಿನ ಹನ್ನೆರಡು ಜನ ಸೇರಿ ಡೈನಾಸ್ಟಿ ಅನ್ನುವ ಫ್ಯಾಂಟಸಿ ಲೀಗ್ ಆಡುತ್ತೇವೆ. ನಿಜವಾದ ಆಟಗಾರರನ್ನು ಆರಿಸಿ ತಂಡ ಕಟ್ಟುವುದು, ಅವರು ಮೈದಾನದಲ್ಲಿ ಆಡಿದ್ದಕ್ಕೆ ನಮಗೆ ಪಾಯಿಂಟ್. ಒಮ್ಮೆ ಆರಿಸಿಕೊಂಡ ಆಟಗಾರ ಮುಂದಿನ ವರ್ಷಗಳಲ್ಲೂ ನಮ್ಮ ಹತ್ತಿರವೇ ಇರುತ್ತಾನೆ. ಪ್ರತಿ ಮೇ ತಿಂಗಳು, ಆಗಷ್ಟೇ ಕಾಲೇಜು ಮುಗಿಸಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ಗೆ ಬಂದ ಹೊಸಬರಿಗಾಗಿ ನಾಲ್ಕು ಸುತ್ತಿನ ರೂಕಿ ಡ್ರಾಫ್ಟ್. 10 ಯಾರ್ಡ್ ಓಡಿದರೆ 1 ಪಾಯಿಂಟ್, ಪಾಸ್ ಹಿಡಿದರೆ ಒಂದು, ಚೆಂಡನ್ನು ಕೊನೆಯ ಗೆರೆ ದಾಟಿಸುವ ಟಚ್‌ಡೌನ್‌ಗೆ 6. ಡ್ರೀಮ್ ಇಲೆವೆನ್ ತರ ಮ್ಯಾಚ್ ಮುಗಿದ ಮೇಲೆ ಮರೆತುಬಿಡುವ ಹಾಗಿಲ್ಲ. ತಪ್ಪು ಮಾಡಿದರೆ ಆ ತಪ್ಪು ಮೂರ್ನಾಲ್ಕು ವರ್ಷ ತಂಡದಲ್ಲೇ ಕೂತು ನಮ್ಮನ್ನು ನೋಡುತ್ತಿರುತ್ತದೆ.

ನನ್ನ ಮೊದಲ ತಪ್ಪಿನ ಹೆಸರು ಕ್ಲೈಡ್ ಎಡ್ವರ್ಡ್ಸ್-ಹೆಲೇರ್. 2020ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ನಿಜವಾದ ತಂಡಗಳು ಕಾಲೇಜು ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಮೊದಲ ಸುತ್ತಿನಲ್ಲಿ ಹೋದ ಒಬ್ಬನೇ ರನ್ನಿಂಗ್ ಬ್ಯಾಕ್ ಅವನು. 32ನೇ ಆಯ್ಕೆ, ಅದೂ ಸ್ಟಾರ್ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಪ್ಯಾಟ್ರಿಕ್ ಮಹೋಮ್ಸ್ ಇರುವ ಕ್ಯಾನ್ಸಸ್ ಸಿಟಿಗೆ. ಇನ್ನೇನು ಬೇಕು ಅಂತ ಕಣ್ಣು ಮುಚ್ಚಿ ತೆಗೆದುಕೊಂಡೆ. 41ನೇ ಆಯ್ಕೆಯಾಗಿ ಇಂಡಿಯಾನಾಪೊಲಿಸ್‌ಗೆ ಹೋದ ಜೊನಾಥನ್ ಟೇಲರ್‌ನನ್ನು ಬಿಟ್ಟೆ. ವಿಸ್ಕಾನ್ಸಿನ್‌ನಲ್ಲಿ ಮೂರೇ ವರ್ಷದಲ್ಲಿ 6,174 ಯಾರ್ಡ್ ಓಡಿದ್ದ ಮನುಷ್ಯ! 2021ರಲ್ಲಿ ಅವನು 1,811 ಯಾರ್ಡ್ ಓಡಿ ಇಡೀ ಎನ್‌ಎಫ್‌ಎಲ್‌ಗೇ ಮೊದಲಿಗನಾದ. ಅಷ್ಟರಲ್ಲಾಗಲೇ ನಾನು ಈ ಗೈಡ್ ಕೊಂಡಿದ್ದೆ.

ಗೈಡ್ ಅಂದರೆ ಪ್ರತಿ ವರ್ಷ ಮಾರ್ಚ್‌ನಲ್ಲಿ ಬರುವ ದೊಡ್ಡದೊಂದು ಪಿಡಿಎಫ್. ಜೊತೆಗೆ ವೆಬ್‌ಸೈಟ್‌ನಲ್ಲಿ ವಿಡಿಯೊ ತುಣುಕುಗಳು, ಅಂಕಿ ಕೋಷ್ಟಕ, ಆಮೇಲೊಂದು ಪರಿಷ್ಕೃತ ಪಟ್ಟಿ. ರಿಸೀವರ್, ಕ್ವಾರ್ಟರ್‌ಬ್ಯಾಕ್ ಎಲ್ಲ ಇರುತ್ತಾರೆ, ಆದರೆ ನಾನು ಓದುವುದು ರನ್ನಿಂಗ್ ಬ್ಯಾಕ್ ಭಾಗ ಮಾತ್ರ. ಹಾಗಾಗಿ ಈ ವಿಮರ್ಶೆಯೂ ಅಷ್ಟಕ್ಕೇ.

ಮೊದಲ ವರ್ಷವೇ ಕೈ ಸುಟ್ಟುಕೊಂಡೆ. 2020ರ ಡಿಸೆಂಬರ್‌ನಲ್ಲಿ ಒಹಾಯೊ ಸ್ಟೇಟ್‌ನ ಟ್ರೇ ಸರ್ಮನ್ ನಾರ್ತ್‌ವೆಸ್ಟರ್ನ್ ಮೇಲೆ ಒಂದೇ ಮ್ಯಾಚ್‌ನಲ್ಲಿ 331 ಯಾರ್ಡ್ ಓಡಿದ್ದ. ಅದು ಒಹಾಯೊ ಸ್ಟೇಟ್‌ನ ದಾಖಲೆ. ನಮ್ಮೂರಲ್ಲಿ ಕಟಿಂಗ್ ಶಾಪಿನಲ್ಲೂ ಅದೇ ಮಾತು. ಗೈಡ್ ಕೂಡ ಅವನನ್ನು ಮೇಲೆ ಕೂರಿಸಿತ್ತು. ಸ್ಯಾನ್ ಫ್ರಾನ್ಸಿಸ್ಕೊ ತಂಡ ಮೂರನೇ ಸುತ್ತಿನಲ್ಲಿ, 88ನೇ ಆಯ್ಕೆಯಾಗಿ ಅವನನ್ನು ಎತ್ತಿಕೊಂಡಾಗ ನನ್ನ ಖುಷಿ ಕೇಳಬೇಡಿ. ಸೀಸನ್‌ನ ಮೊದಲ ಮ್ಯಾಚ್‌ಗೆ ಅವನನ್ನು ಆಡುವವರ ಪಟ್ಟಿಗೇ ಸೇರಿಸಲಿಲ್ಲ. ಗಾಯ ಇಲ್ಲ, ಏನಿಲ್ಲ. ಅದೇ ತಂಡ ಆರನೇ ಸುತ್ತಿನಲ್ಲಿ ತಂದಿದ್ದ ಎಲೈಜಾ ಮಿಚೆಲ್ ಅವತ್ತು 104 ಯಾರ್ಡ್ ಓಡಿದ, ವರ್ಷ ಮುಗಿಯುವಷ್ಟರಲ್ಲಿ 963. ನಮ್ಮ ಗೈಡ್‌ನಲ್ಲಿ ಮಿಚೆಲ್‌ಗೆ ಕೊಟ್ಟಿದ್ದು ಒಂದೂವರೆ ಸಾಲು.

ಸಿಟ್ಟು ಇಳಿದ ಮೇಲೆ ಸರ್ಮನ್ ಪುಟವನ್ನು ಮತ್ತೆ ತೆಗೆದು ಓದಿದೆ. ಅಲ್ಲೇ ಬರೆದಿತ್ತು: ಕೊನೆಯ ಕೆಲವು ಮ್ಯಾಚ್ ಬಿಟ್ಟರೆ ಆ ವರ್ಷ ಹೇಳಿಕೊಳ್ಳುವಂಥದ್ದಿಲ್ಲ, ಸಂದು ದೊಡ್ಡದಿದ್ದಾಗ ಚೆನ್ನಾಗಿ ಓಡುತ್ತಾನೆ, ಮುಚ್ಚಿಕೊಂಡಾಗ ತಡವರಿಸುತ್ತಾನೆ. ಬರೆದವರಿಗೆ ಗೊತ್ತಿತ್ತು. ಪಟ್ಟಿ ಮಾಡಿದವರು ಅದನ್ನು ಓದಿದಂತೆ ಕಾಣಲಿಲ್ಲ. ನಾನೂ ಓದಿರಲಿಲ್ಲ, ಅದು ಬೇರೆ ಮಾತು.

ಅಲ್ಲಿಂದ ಇದನ್ನು ಬಳಸುವ ರೀತಿಯೇ ಬದಲಾಯಿತು.

ಅಂಕಿಗಳ ವಿಷಯಕ್ಕೆ ಬರೋಣ. ಇದರಲ್ಲಿ ಕೋಷ್ಟಕಗಳು ಜಾಸ್ತಿ. ಎದುರಾಳಿ ಮೈಗೆ ತಾಗಿದ ಮೇಲೂ ಎಷ್ಟು ಯಾರ್ಡ್ ಓಡಿದ, ಎಷ್ಟು ಟ್ಯಾಕಲ್ ತಪ್ಪಿಸಿದ, ತಂಡದ ಒಟ್ಟು ಯಾರ್ಡ್‌ನಲ್ಲಿ ಇವನ ಪಾಲೆಷ್ಟು, ಎಷ್ಟು ಪಾಸ್ ಹಿಡಿದ. ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಇನ್ನೊಂದು ಸ್ಪೀಡ್ ಸ್ಕೋರ್. ತೂಕವನ್ನು 200ರಿಂದ ಗುಣಿಸಿ, 40 ಯಾರ್ಡ್ ಓಡಲು ಹಿಡಿದ ಸೆಕೆಂಡುಗಳನ್ನು ನಾಲ್ಕನೇ ಘಾತಕ್ಕೆ ಏರಿಸಿ ಭಾಗಿಸುವುದು. ಟೇಲರ್ ತೂಕ 226 ಪೌಂಡ್, ಸಮಯ 4.39. ಕ್ಯಾಲ್ಕುಲೇಟರ್‌ನಲ್ಲಿ ಒತ್ತಿದರೆ ಸುಮಾರು 122. ನೂರರ ಆಸುಪಾಸು ಇದ್ದರೆ ಸಾಧಾರಣ, 122 ಅಂದರೆ ನೂರು ಕಿಲೊ ದಾಟಿದ ದೇಹ ಚಿಗರೆಯಂತೆ ಓಡುತ್ತಿದೆ ಅಂತ.

ಈ ತೂಕ, ಸಮಯ ಎಲ್ಲ ಸಿಗುವುದು ಇಂಡಿಯಾನಾಪೊಲಿಸ್‌ನಲ್ಲಿ ನಡೆಯುವ ಕಂಬೈನ್‌ನಲ್ಲಿ. ಹುಡುಗರನ್ನು ನಿಲ್ಲಿಸಿ ಎತ್ತರ, ತೂಕ, ಅಂಗೈ ಅಗಲ ಎಲ್ಲ ಅಳೆಯುತ್ತಾರೆ. ಒಮ್ಮೆ ಟಿವಿಯಲ್ಲಿ ನೋಡುತ್ತಿದ್ದಾಗ ನನ್ನ ಹೆಂಡತಿ ಕೇಳಿದಳು, ‘ಏನ್ರೀ ಇದು, ದನದ ಜಾತ್ರೆ ತರ ಮನುಷ್ಯರನ್ನ ಅಳೀತಾರಲ್ಲ, ಬಾಯಿ ತೆರೆಸಿ ಹಲ್ಲು ನೋಡೋದೊಂದು ಬಾಕಿ.’ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೈಡ್ ಭಾಷೆಯಲ್ಲೂ ಈ ವಾಸನೆ ಇದೆ, ಇಪ್ಪತ್ತೊಂದು ವರ್ಷದ ಹುಡುಗನಿಗೆ ‘ಸವೆತ ಜಾಸ್ತಿ’ ಅಂತ ಬರೆಯುತ್ತಾರೆ. ಟಯರಾ ಅದು?

ಈಗ ಕೈರನ್ ವಿಲಿಯಮ್ಸ್. 2022ರಲ್ಲಿ ನೋಟರ್ ಡೇಮ್‌ನಿಂದ ಬಂದವನು. 194 ಪೌಂಡ್, 4.65 ಸೆಕೆಂಡ್. ಸ್ಪೀಡ್ ಸ್ಕೋರ್ 83. ಪಟ್ಟಿಯಲ್ಲಿ ಎಲ್ಲೋ ಕೆಳಗೆ ಹೋದ. ರ‍್ಯಾಮ್ಸ್ ತಂಡ ಅವನನ್ನು ಐದನೇ ಸುತ್ತಿನಲ್ಲಿ ತೆಗೆದುಕೊಂಡಿತು. ಆದರೆ ಅವನ ಪುಟದಲ್ಲಿ ಅರ್ಧ ಭಾಗ ಪಾಸ್ ಪ್ರೊಟೆಕ್ಷನ್ ಬಗ್ಗೆಯೇ ಇತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಗೈಡ್‌ನ ಅಸಲಿ ಬೆಲೆ ಇರುವುದೇ ಇಲ್ಲಿ. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯಲು ನಿಂತಾಗ ಅವನ ಮೇಲೆ ಬೀಳಲು ಎದುರಾಳಿ ಲೈನ್‌ಬ್ಯಾಕರ್ ಓಡಿಬರುತ್ತಾನೆ. ಪಕ್ಕದಲ್ಲಿರುವ ರನ್ನಿಂಗ್ ಬ್ಯಾಕ್ ಅವನನ್ನು ಗುರುತಿಸಿ, ಎದೆ ಕೊಟ್ಟು ತಡೆಯಬೇಕು. ತಡೆಯದಿದ್ದರೆ ಕೋಟಿಗಟ್ಟಲೆ ಡಾಲರ್‌ನ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ. ಇದು ಬರದ ಹುಡುಗ ಎಷ್ಟೇ ಚೆನ್ನಾಗಿ ಓಡಲಿ, ಪಾಸ್ ಆಡುವ ಹೊತ್ತಿಗೆ ಕೋಚ್ ಅವನನ್ನು ಹೊರಗೆ ಕರೆಯುತ್ತಾನೆ. ಬೆಂಚಿನ ಮೇಲೆ ಕೂತವನಿಗೆ ಪಾಯಿಂಟ್ ಎಲ್ಲಿಂದ? ತಡೆಯುವ ಕೆಲಸಕ್ಕೆ ಫ್ಯಾಂಟಸಿಯಲ್ಲಿ ಒಂದು ಪಾಯಿಂಟೂ ಇಲ್ಲ, ಆದರೆ ಮೈದಾನದಲ್ಲಿ ಉಳಿಯುವ ಟಿಕೆಟ್ ಅದೇ. ಒಬ್ಬೊಬ್ಬ ಆಟಗಾರನಿಗೂ ಇಂಥ ಏಳೆಂಟು ತುಣುಕು ಕತ್ತರಿಸಿ, ಯಾರನ್ನು ನೋಡಿದ, ಯಾರನ್ನು ಬಿಟ್ಟ, ಪಾದ ಹೇಗಿಟ್ಟ ಅಂತ ಬರೆದಿರುತ್ತಾರೆ. ಪುಕ್ಕಟೆ ಸಿಗುವ ಹೈಲೈಟ್ ವಿಡಿಯೊಗಳಲ್ಲಿ ಇದು ಸಿಗುವುದಿಲ್ಲ. ಅಲ್ಲಿ ಬರೀ ಟಚ್‌ಡೌನ್, ಹಾಡು.

ವಿಲಿಯಮ್ಸ್‌ನನ್ನು ಕೊನೆಯ ಸುತ್ತಿನಲ್ಲಿ ನಾನೇ ತೆಗೆದುಕೊಂಡಿದ್ದೆ. ಮೊದಲ ವರ್ಷ ಗಾಯ, 139 ಯಾರ್ಡ್. 2023ರ ಆಗಸ್ಟ್‌ನಲ್ಲಿ ಜಾಗ ಬೇಕಿತ್ತು, ಪಟ್ಟಿ ನೋಡಿದೆ, ಅವನು ಅಡಿಯಲ್ಲಿದ್ದ, ಬಿಟ್ಟುಬಿಟ್ಟೆ. ಸೆಪ್ಟೆಂಬರ್‌ನ ಮೊದಲ ಮ್ಯಾಚ್‌ನಲ್ಲೇ ಎರಡು ಟಚ್‌ಡೌನ್. ಆ ವರ್ಷ 12 ಮ್ಯಾಚ್‌ನಲ್ಲಿ 1,144 ಯಾರ್ಡ್. ಯಾರ ತಂಡದಲ್ಲಿ ಅಂತ ಕೇಳಬೇಡಿ.

ಆ ಸೆಪ್ಟೆಂಬರ್ ಇನ್ನೂ ಮುಗಿದಿರಲಿಲ್ಲ. ಟೆಕ್ಸಸ್ ಎ ಆ್ಯಂಡ್ ಎಂ ಕಾಲೇಜಿನಿಂದ ಮಯಾಮಿ ತಂಡಕ್ಕೆ ಬಂದ ಡೆವಾನ್ ಏಚಾನ್ ತೂಗಿದ್ದು 188 ಪೌಂಡ್. 85 ಕಿಲೊ. ಓಡಿದ್ದು 4.32ರಲ್ಲಿ. ಗೈಡ್ ಅವನ ಹೆಸರಿನ ಪಕ್ಕ ಕೆಂಪು ಗುರುತು ಹಾಕಿತ್ತು, ಇಷ್ಟು ಸಣ್ಣ ದೇಹ ತಡೆಯಲ್ಲ ಅಂತ. ತಮಾಷೆ ಏನು ಗೊತ್ತಾ, ಅದೇ ಗೈಡ್‌ನ ಸ್ಪೀಡ್ ಸ್ಕೋರ್ ಸೂತ್ರಕ್ಕೆ ಹಾಕಿದರೆ ಅವನಿಗೆ 108 ಬರುತ್ತದೆ. ತೂಕದ ಲೆಕ್ಕ ಆ ಸೂತ್ರದೊಳಗೇ ಇದೆ, ಮತ್ತೆ ಹೊರಗೆ ಇನ್ನೊಮ್ಮೆ ಕಳೆದರೆ ಹೇಗೆ? ನಾನು ಕೆಂಪು ಗುರುತನ್ನು ನಂಬಿ ಅವನನ್ನು ಬಿಟ್ಟೆ. ಹಿಂದೆಯೇ ಕೂತಿದ್ದ ಹುಬ್ಬಳ್ಳಿಯ ಗೆಳೆಯ ಎತ್ತಿಕೊಂಡ.

2023ರ ಸೆಪ್ಟೆಂಬರ್ 24, ಭಾನುವಾರ. ಇಲ್ಲಿನ ಕನ್ನಡದವರು ಸೇರಿ ಗಣೇಶ ಹಬ್ಬ ಇಟ್ಟುಕೊಂಡಿದ್ದೆವು. ಆ ವಾರ ಲೀಗ್‌ನಲ್ಲಿ ನನ್ನ ಎದುರಾಳಿ ಅದೇ ಹುಬ್ಬಳ್ಳಿಯವನು, ಊಟದ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದ. ಮಯಾಮಿಗೂ ಡೆನ್ವರ್‌ಗೂ ಮ್ಯಾಚ್. ತಟ್ಟೆಗೆ ಕೋಸಂಬರಿ ಬಿತ್ತು, ಫೋನ್ ಗುಂಯ್ ಅಂತು, ಏಚಾನ್ ಟಚ್‌ಡೌನ್. ಚಿತ್ರಾನ್ನ ಬಿತ್ತು, ಮತ್ತೊಂದು. ಕಡುಬು ಬಾಯಿಗಿಡುವ ಹೊತ್ತಿಗೆ ನನಗೆ ರುಚಿಯೇ ಹೋಗಿತ್ತು. ಕೊನೆಗೆ ಮಯಾಮಿ 70, ಡೆನ್ವರ್ 20. ಏಚಾನ್ 203 ಯಾರ್ಡ್ ಓಡಿ, ನಾಲ್ಕು ಪಾಸ್ ಹಿಡಿದು ಅದರಲ್ಲಿ ಇನ್ನೂ 30 ಯಾರ್ಡ್ ಗಳಿಸಿ, ನಾಲ್ಕು ಟಚ್‌ಡೌನ್ ಹೊಡೆದಿದ್ದ. ನಮ್ಮ ಲೆಕ್ಕದಲ್ಲಿ 51.3 ಪಾಯಿಂಟ್. ಗೆಳೆಯ ಮಜ್ಜಿಗೆ ಲೋಟ ಕೆಳಗಿಟ್ಟು ಹೇಳಿದ, ‘ದೋಸ್ತ, ನೀ ರೊಕ್ಕಾ ಕೊಟ್ಟು ಪುಸ್ತಕಾ ತಗೊಂಡಿ, ನಾ ಪುಕ್ಕಟೆ ಆಟಗಾರನ್ನ ತಗೊಂಡೆ.’

ಆದರೂ ಮುಂದಿನ ಮಾರ್ಚ್‌ನಲ್ಲಿ ಮತ್ತೆ ದುಡ್ಡು ಕಟ್ಟಿದೆ. ಕಟ್ಟಿದ್ದಕ್ಕೆ ಸಿಕ್ಕವನು ಬಕಿ ಅರ್ವಿಂಗ್.

ಆರೆಗನ್ ಕಾಲೇಜಿನ ಅರ್ವಿಂಗ್ 192 ಪೌಂಡ್, 4.55. ಸಣ್ಣವನೂ ಹೌದು, ನಿಧಾನವೂ ಹೌದು. ಟ್ಯಾಂಪಾ ಬೇ ಅವನನ್ನು ಕರೆದದ್ದು ನಾಲ್ಕನೇ ಸುತ್ತಿನಲ್ಲಿ, 125ನೆಯವನಾಗಿ. ಪಟ್ಟಿಯಲ್ಲಿ ಎಂದಿನಂತೆ ಕೆಳಗೆ. ಆದರೆ ಅವನ ಪುಟ ಬರೆದವರು ಬೇರೆಯೇ ಏನೋ ಕಂಡಿದ್ದರು. ಪಾದ ಊರಿದ ಜಾಗದಲ್ಲೇ ಇನ್ನೊಂದು ಕಡೆಗೆ ತಿರುಗುತ್ತಾನೆ, ಮೊದಲ ಎದುರಾಳಿಗೆ ಸಿಗುವುದೇ ಕಡಿಮೆ ಅಂತ ಬರೆದಿದ್ದರು. ಒಂದು ತುಣುಕನ್ನು ನಾನು ಹತ್ತು ಸಲ ನೋಡಿರಬೇಕು. ಲೈನ್‌ಬ್ಯಾಕರ್ ಎರಡೂ ಕೈ ಚಾಚಿದ್ದಾನೆ, ಇವನು ಎಡ ಭುಜ ತಗ್ಗಿಸಿದ, ಅಷ್ಟೇ. ಕೈಗೆ ಸಿಕ್ಕಿದ್ದು ಗಾಳಿ. ನಮ್ಮ ಕಡೆ ಒಳ್ಳೆ ರೈಡರ್ ಬೋನಸ್ ಗೆರೆಯ ಹತ್ತಿರ ಸೊಂಟ ತಿರುಗಿಸುತ್ತಾನಲ್ಲ, ಥೇಟ್ ಹಾಗೆ. ಈ ಸಲ ಪಟ್ಟಿ ಮುಚ್ಚಿಟ್ಟು ಪುಟವನ್ನು ನಂಬಿದೆ. ಅರ್ವಿಂಗ್ ಮೊದಲ ವರ್ಷವೇ 1,122 ಯಾರ್ಡ್ ಓಡಿದ, ಒಂದೊಂದು ಓಟಕ್ಕೆ ಸರಾಸರಿ 5.4. ಹುಬ್ಬಳ್ಳಿಯವನು ಟ್ರೇಡ್ ಕೇಳಿಕೊಂಡು ಎರಡು ಸಲ ಫೋನ್ ಮಾಡಿದ. ಕೊಡಲಿಲ್ಲ.

ಅದೇ ವರ್ಷ ಪಟ್ಟಿಯ ಮೊದಲಿಗ ಟೆಕ್ಸಸ್‌ನ ಜೊನಾಥನ್ ಬ್ರೂಕ್ಸ್. 2023ರ ನವೆಂಬರ್‌ನಲ್ಲಿ ಅವನ ಮೊಣಕಾಲಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿದಿತ್ತು. ಕ್ಯಾರೊಲೈನಾಗೆ ಹೋಗಿ ಮೂರು ಮ್ಯಾಚ್ ಆಡುವಷ್ಟರಲ್ಲಿ ಅದೇ ಕಾಲು ಮತ್ತೆ ಹೋಯಿತು. ಪಾಪ ಹುಡುಗ. ಇದನ್ನು ಯಾರೂ ಮೊದಲೇ ಹೇಳಲಾಗದು, ಗೈಡ್ ಮೇಲೆ ಗೂಬೆ ಕೂರಿಸುವುದಿಲ್ಲ. ಗಾಯದ ಬಗ್ಗೆ ಒಂದೇ ಸಾಲು ಬರೆದಿದ್ದರು, ಅದೊಂದು ದೂರು.

ಬಿಜಾನ್ ರಾಬಿನ್ಸನ್, ಆಷ್ಟನ್ ಜೆಂಟಿ ತರದ, ಕಾಲೇಜಿನಲ್ಲೇ ಸ್ಟಾರ್ ಆಗಿದ್ದವರಿಗೆ ಗೈಡೇ ಬೇಡ. ಜೆಂಟಿ 2024ರಲ್ಲಿ ಬಾಯ್ಸಿ ಸ್ಟೇಟ್‌ಗೆ 2,601 ಯಾರ್ಡ್ ಓಡಿದ. ಒಂದು ಸೀಸನ್‌ನ ಕಾಲೇಜು ಓಟದಲ್ಲಿ ಬ್ಯಾರಿ ಸ್ಯಾಂಡರ್ಸ್ 1988ರಲ್ಲಿ ಮಾಡಿದ ದಾಖಲೆಗೆ 27 ಕಡಿಮೆ. ಅಂಥವನ ಬಗ್ಗೆ ಹನ್ನೆರಡು ಪುಟ ಬರೆದಿದ್ದಾರೆ, ಯಾಕೋ.

ನನಗೆ ಜಾಸ್ತಿ ಸಿಟ್ಟು ಬರುವುದು ‘ಪಾಲು’ ಅನ್ನುವ ಕೋಷ್ಟಕದ ಮೇಲೆ. ತಂಡದ ಓಟದಲ್ಲಿ ದೊಡ್ಡ ಪಾಲು ಇದ್ದವನಿಗೆ ಮಾರ್ಕು ಜಾಸ್ತಿ. ಸಣ್ಣ ಕಾಲೇಜಿನಲ್ಲಿ ಒಬ್ಬನೇ ಓಡುತ್ತಿದ್ದರೆ ಸರಿ. ಆದರೆ 2024ರ ಒಹಾಯೊ ಸ್ಟೇಟ್‌ನಲ್ಲಿ ಕ್ವಿನ್‌ಶಾನ್ ಜಡ್ಕಿನ್ಸ್, ಟ್ರೆವಿಯಾನ್ ಹೆಂಡರ್ಸನ್ ಇಬ್ಬರೂ ಹಂಚಿಕೊಂಡು ಓಡಿದರು, ಇಬ್ಬರೂ ಸಾವಿರ ಯಾರ್ಡ್ ದಾಟಿದರು, ಚಾಂಪಿಯನ್ ಆದರು. ಕೋಷ್ಟಕ ಇಬ್ಬರಿಗೂ ಮಾರ್ಕು ಕತ್ತರಿಸಿತು. ಎನ್‌ಎಫ್‌ಎಲ್ ತಂಡಗಳು ಅವರನ್ನು 36 ಮತ್ತು 38ನೆಯವರಾಗಿ ಎತ್ತಿಕೊಂಡವು. ಇದೇ ಲೆಕ್ಕದಲ್ಲಿ ಆಲ್ವಿನ್ ಕಮಾರಾ ಕೂಡ ಫೇಲೇ. ಟೆನೆಸ್ಸಿಯಲ್ಲಿ ಎರಡು ವರ್ಷ ಸೇರಿ ಅವನು ಚೆಂಡು ಹಿಡಿದು ಓಡಿದ್ದು 210 ಸಲ ಮಾತ್ರ. 2017ರಲ್ಲಿ ಎನ್‌ಎಫ್‌ಎಲ್‌ಗೆ ಬಂದ ವರ್ಷವೇ ದಾಳಿ ವಿಭಾಗದ ಅತ್ಯುತ್ತಮ ಹೊಸಬ ಪ್ರಶಸ್ತಿ ಹೊಡೆದ. ಇದನ್ನೆಲ್ಲ ಬರೆದು ಕಂಪನಿಗೆ ಮೇಲ್ ಹಾಕಿದೆ. ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಅಂತ ಬಂತು. ಹೆಂಡರ್ಸನ್‌ನ ಪಾಸ್ ಪ್ರೊಟೆಕ್ಷನ್ ಪುಟ ಮಾತ್ರ ಅದ್ಭುತವಾಗಿತ್ತು. 2025ರಲ್ಲಿ ಅವನನ್ನೇ ತೆಗೆದುಕೊಂಡೆ. ಊರಿನ ಅಭಿಮಾನವೂ ಸ್ವಲ್ಪ ಸೇರಿತ್ತು ಅಂತಿಟ್ಟುಕೊಳ್ಳಿ.

ಕೊಳ್ಳುವವರಿಗೆ ಒಂದೆರಡು ಮಾತು. ಮಾರ್ಚ್‌ನಲ್ಲೇ ಓದಿ, ಆದರೆ ಏಪ್ರಿಲ್ ಕೊನೆಯ ಎನ್‌ಎಫ್‌ಎಲ್ ಡ್ರಾಫ್ಟ್ ಮುಗಿಯುವವರೆಗೆ ಯಾರನ್ನೂ ಮನಸ್ಸಿನಲ್ಲಿ ಕೂರಿಸಿಕೊಳ್ಳಬೇಡಿ. ಯಾವ ಸುತ್ತಿನಲ್ಲಿ ಹೋದ ಅನ್ನುವುದರ ಮೇಲೆ ತಂಡ ಅವನಿಗೆ ಎಷ್ಟು ಅವಕಾಶ ಕೊಡುತ್ತದೆ ಅನ್ನುವುದು ಬಹಳಷ್ಟು ನಿಂತಿರುತ್ತದೆ. ಪಿಡಿಎಫ್‌ನ ಆಟಗಾರರ ಪುಟಗಳನ್ನು ಮಾತ್ರ ಪ್ರಿಂಟ್ ತೆಗೆಯಿರಿ. ನಾನು ಪಟ್ಟಿಯ ಹಾಳೆಗಳನ್ನು ಮಗಳ ಲೆಕ್ಕದ ರಫ್ ಕೆಲಸಕ್ಕೆ ಕೊಟ್ಟಿದ್ದೇನೆ. ವಿಡಿಯೊಗಳು ಫೋನಿನಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಲ್ಯಾಪ್‌ಟಾಪ್‌ನಲ್ಲಿ ತೊಂದರೆ ಇಲ್ಲ. ಆಟೊ ರಿನ್ಯೂವಲ್ ಕೊಂಡ ದಿನವೇ ಆಫ್ ಮಾಡಿ. ನನಗೆ ಒಮ್ಮೆ ಜನವರಿಯಲ್ಲೇ ದುಡ್ಡು ಕತ್ತರಿಸಿದ್ದರು, ವಾಪಸ್ ಬರಲು ಮೂರು ವಾರ ಹಿಡಿಯಿತು. ಮೇ ಮೊದಲ ವಾರ ಬೆಲೆ ಇಳಿಸುತ್ತಾರೆ. ನಿಮ್ಮ ಡ್ರಾಫ್ಟ್ ಅದಾದ ಮೇಲಿದ್ದರೆ ಅಲ್ಲಿಯವರೆಗೆ ಕಾಯಿರಿ.