ನೀರೊಳಗೆ ಯಾವ ಮೈಕು? ಪೀಜೋ ಬಿಲ್ಲೆ, ಬಲೂನು ಮೈಕು, ಕಾಲರ್ ಮೈಕು

ನೀರೊಳಗಿನ ಸದ್ದು ಹಿಡಿಯಲೆಂದೇ ಮಾಡಿದ ಹೈಡ್ರೋಫೋನುಗಳಿವೆ. ಸುಮಾರಾದ ಒಂದನ್ನು ಹೊರದೇಶದಿಂದ ತರಿಸಿಕೊಂಡರೂ ಖರ್ಚು ಹತ್ತು ಸಾವಿರ ದಾಟುತ್ತದೆ. ನಾನು ಹೋಲಿಸಿ ನೋಡಿದ್ದು ಅವನ್ನಲ್ಲ. ಹತ್ತಿಪ್ಪತ್ತು ರೂಪಾಯಿಯ ಪೀಜೋ ಬಿಲ್ಲೆ, ಹೆಚ್ಚುಕಮ್ಮಿ ಅಷ್ಟೇ ಬೆಲೆಯ, ಗುಂಡಿಯಷ್ಟು ಚಿಕ್ಕ ಎಲೆಕ್ಟ್ರೆಟ್ ಮೈಕನ್ನು ಬಲೂನಿನಲ್ಲಿ ಕಟ್ಟಿದ್ದು, ಯೂಟ್ಯೂಬಿನವರು ಅಂಗಿಗೆ ಸಿಕ್ಕಿಸಿಕೊಳ್ಳುವ ವೈರಿನ ಕಾಲರ್ ಮೈಕು, ಈ ಮೂರನ್ನು. ಪರೀಕ್ಷೆಗೆ ಸಿಕ್ಕ ನೀರು: ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿರುವ ತಾವರೆ ತೊಟ್ಟಿ, ಕೆಳಗಿನ ಸಂಪು, ಮಂಡ್ಯದ ಕಡೆ ಚಿಕ್ಕಪ್ಪನ ತೋಟದ ತೆರೆದ ಬಾವಿ. ಮೊಬೈಲನ್ನೇ ಜಿಪ್ ಕವರಿಗೆ ಹಾಕಿ ಮುಳುಗಿಸಬಹುದಲ್ಲ ಅಂತ ಕೇಳುವವರಿದ್ದಾರೆ. ಮುಳುಗಿಸಬಹುದು, ಕವರು ಉಜ್ಜುವ ಚರಪರ ಸದ್ದು ಬೇಕಿದ್ದರೆ.

ಫಲಿತಾಂಶ ಮೊದಲೇ ಹೇಳಿಬಿಡುತ್ತೇನೆ. ಬಫರ್ (ಬಿಲ್ಲೆಗೂ ರೆಕಾರ್ಡರಿಗೂ ನಡುವೆ ಕೂರುವ ಪುಟ್ಟ ಸರ್ಕಿಟ್) ಹಾಕಿದ ಪೀಜೋ ಗೆದ್ದಿತು. ಬಫರ್ ಇಲ್ಲದ ಪೀಜೋ ಎಲ್ಲಕ್ಕಿಂತ ಹಿಂದೆ ಬಿತ್ತು. ಬಿಲ್ಲೆ ಅದೇ, ಬೆಸುಗೆ ಅದೇ. ಹಾಗಾಗಿ ಪೀಜೋ ಒಳ್ಳೇದಾ ಎಲೆಕ್ಟ್ರೆಟ್ ಒಳ್ಳೇದಾ ಅಂತ ಯಾರಾದರೂ ಕೇಳಿದರೆ, ಅದನ್ನು ಯಾವುದಕ್ಕೆ ಸಿಕ್ಕಿಸುತ್ತೀರಿ ಅಂತ ನಾನು ತಿರುಗಿ ಕೇಳುತ್ತೇನೆ.

ಪೀಜೋ ಅಂದರೆ ಹಾಡುವ ಗ್ರೀಟಿಂಗ್ ಕಾರ್ಡಿನಲ್ಲಿ, ಬಜರಿನಲ್ಲಿ ಇರುತ್ತದಲ್ಲ, ಆ ತೆಳು ಹಿತ್ತಾಳೆ ತಗಡು. ಮೇಲೆ ಬಿಳಿ ಸೆರಾಮಿಕ್ ಪದರ. ಅದುಮಿದರೆ, ಬಾಗಿಸಿದರೆ ವೋಲ್ಟೇಜ್ ಹುಟ್ಟುತ್ತದೆ. ಈ ಗುಣವನ್ನು ಕ್ಯೂರಿ ಸೋದರರು 1880ರಲ್ಲಿ ತೋರಿಸಿದರು. ಮೊದಲ ಮಹಾಯುದ್ಧದ ಹೊತ್ತಿಗೆ ಸಬ್‌ಮರೀನ್ ಪತ್ತೆಗೆಂದು ಪಾಲ್ ಲಾಂಜೆವಿನ್ ಕ್ವಾರ್ಟ್ಜ್ ಹರಳನ್ನು ನೀರಿಗಿಳಿಸಿದ್ದೂ ಇದೇ ಗುಣವನ್ನು ನಂಬಿ. ಅಂದರೆ ನೀರು ಈ ವಸ್ತುವಿಗೆ ಹೊಸ ಜಾಗವೇನಲ್ಲ.

ತೊಂದರೆ ಇರುವುದು ಆಚೆ ತುದಿಯಲ್ಲಿ. 27 ಮಿ.ಮೀ. ಬಿಲ್ಲೆ ವಿದ್ಯುತ್ತಿನ ಲೆಕ್ಕದಲ್ಲಿ ಸುಮಾರು 20 ನ್ಯಾನೋಫ್ಯಾರಡ್‌ನ ಒಂದು ಕೆಪಾಸಿಟರ್. ಅದನ್ನು ಇನ್‌ಪುಟ್ ರೋಧ 10 ಕಿಲೋ ಓಮ್ ಇರುವ ರೆಕಾರ್ಡರಿಗೆ ಸಿಕ್ಕಿಸಿದರೆ ಸುಮಾರು 800 ಹರ್ಟ್ಸಿನ ಕೆಳಗಿನ ಸದ್ದೆಲ್ಲ ಸೊರಗಿಹೋಗುತ್ತದೆ. ಅದೇ ಬಿಲ್ಲೆಗೆ 1 ಮೆಗಾ ಓಮ್ ಎದುರಾದರೆ 8 ಹರ್ಟ್ಸ್‌ವರೆಗೂ ಇಳಿಯುತ್ತದೆ. ಪೀಜೋ ಸದ್ದು ತಗಡಿನ ಡಬ್ಬದ ಹಾಗೆ ಅನ್ನುವವರು ಬೈಯಬೇಕಾದ್ದು ಬಿಲ್ಲೆಯನ್ನಲ್ಲ.

ಮೊಬೈಲಿಗೆ ನೇರ ಸಿಕ್ಕಿಸಿದರೆ ಇನ್ನೊಂದು ತಮಾಷೆ. ಮೈಕ್ ಇದೆಯೋ ಇಲ್ಲವೋ ಎಂದು ಫೋನು ಡಿಸಿ ಕರೆಂಟ್ ಹರಿಸಿ ನೋಡುತ್ತದೆ. ಪೀಜೋ ಅದನ್ನು ಹರಿಯಗೊಡದು. ಏನೂ ಇಲ್ಲ ಎಂದುಕೊಂಡ ಫೋನು ಸದ್ದಿಲ್ಲದೆ ತನ್ನ ಸ್ವಂತ ಮೈಕಿನಿಂದಲೇ ರೆಕಾರ್ಡ್ ಮಾಡುತ್ತ ಕೂರುತ್ತದೆ. ನೀರೊಳಗಿನ ರೆಕಾರ್ಡಿಂಗ್ ಅಂತ ತೋರಿಸುವ ಎಷ್ಟೋ ವಿಡಿಯೋಗಳಲ್ಲಿ ಬೀದಿಯ ಸ್ಕೂಟರ್ ಹಾರ್ನ್ ಅಷ್ಟು ಸ್ಪಷ್ಟವಾಗಿ ಕೇಳಿದರೆ ನನಗೆ ಮೊದಲು ಬರುವ ಅನುಮಾನ ಇದೇ. ಬಿಲ್ಲೆಯನ್ನು ಬೆರಳಿನಿಂದ ಕುಟ್ಟಿ ನೋಡಿ, ಗೊತ್ತಾಗುತ್ತದೆ.

ಬಿಲ್ಲೆಗೆ ಆ ಮೆಗಾ ಓಮ್ ಎದುರಾಗುವಂತೆ ಮಾಡುವುದೇ ಬಫರಿನ ಕೆಲಸ. ಅದಕ್ಕೆ ಒಂದು ಫೆಟ್ (ಒಂದು ಬಗೆಯ ಟ್ರಾನ್ಸಿಸ್ಟರ್), ಎರಡು ರೆಸಿಸ್ಟರ್, 9 ವೋಲ್ಟ್ ಬ್ಯಾಟರಿ ಸಾಕು. ಫೆಟ್‌ಗಳಲ್ಲಿ ಜೆ201 ಸಿಕ್ಕರೆ ಚೆನ್ನ. ಕಾಲೇಜು ಲ್ಯಾಬಿನಲ್ಲಿ ಕಂಡಿರುವ ಬಿಎಫ್‌ಡಬ್ಲ್ಯೂ10 ಕೂಡ ನಡೆಯುತ್ತದೆ. ಬೆಸುಗೆ ಬಾರದವರು ಗಿಟಾರ್ ಇನ್‌ಪುಟ್ ಇರುವ ಆಡಿಯೋ ಇಂಟರ್ಫೇಸ್ (ಕಂಪ್ಯೂಟರಿಗೆ ಸದ್ದು ಸೇರಿಸುವ ಪೆಟ್ಟಿಗೆ) ಇದ್ದವರನ್ನು ಹುಡುಕಿಕೊಳ್ಳಲಿ. ಆ ಇನ್‌ಪುಟ್ ಸಾಮಾನ್ಯವಾಗಿ 1 ಮೆಗಾ ಓಮ್ ಆಸುಪಾಸಿನದೇ, ಬಿಲ್ಲೆಗೆ ಒಪ್ಪುತ್ತದೆ.

ಇನ್ನು ಬಲೂನು ಮೈಕು. ಎಲೆಕ್ಟ್ರೆಟ್ ಗುಂಡಿಯ ಹೊಟ್ಟೆಯಲ್ಲೇ ಫೆಟ್ ಇರುವುದರಿಂದ ಬಫರಿನ ತಲೆನೋವಿಲ್ಲ. ಫೋನು, ರೆಕಾರ್ಡರ್ ಎರಡೂ ಅದನ್ನು ಕೂಡಲೇ ಗುರುತಿಸುತ್ತವೆ. ಬಲೂನಿಗೆ ತುರುಕಿ ಬಾಯಿ ಬಿಗಿದು ನೀರಿಗಿಳಿಸಿದರೆ ಕೆಲಸ ಮುಗಿಯಿತು. ಕೇಳಿದರೆ ಮಾತ್ರ ಎಲ್ಲ ಸದ್ದಿಗೂ ಕಂಬಳಿ ಹೊದಿಸಿದಂತಿರುತ್ತದೆ. ರಬ್ಬರ್ ದಪ್ಪವಾಯಿತೇನೋ ಎಂದು ತೆಳು ಬಲೂನು ಹುಡುಕಿದರೂ ಅಷ್ಟೇ. ಕಾರಣ ರಬ್ಬರಲ್ಲ, ಒಳಗಿನ ಗಾಳಿ. ನೀರಿನಲ್ಲಿ ಗಾಳಿಗುಳ್ಳೆ ತನ್ನದೇ ಸ್ವರದಲ್ಲಿ ಮಿಡಿಯುತ್ತದೆ. ಆ ಲೆಕ್ಕವನ್ನು ಮಿನಾರ್ಟ್ ಎಂಬ ವಿಜ್ಞಾನಿ 1933ರಲ್ಲಿ ಕೊಟ್ಟ: 3.26ನ್ನು ಮೀಟರಿನಲ್ಲಿ ಅಳೆದ ತ್ರಿಜ್ಯದಿಂದ ಭಾಗಿಸಿದರೆ ಹರ್ಟ್ಸ್ ಸಿಗುತ್ತದೆ. ಬಲೂನಿನಲ್ಲಿ 1 ಸೆಂ.ಮೀ. ತ್ರಿಜ್ಯದಷ್ಟು ಗಾಳಿ ಉಳಿದರೆ ಅದು 326 ಹರ್ಟ್ಸ್ ಹತ್ತಿರ ಗುಂಯ್ಗುಡುತ್ತದೆ. ಅದಕ್ಕಿಂತ ಕೆಳಗಿನ ಸದ್ದು ಸರಾಗವಾಗಿ ಒಳಬರುತ್ತದೆ, ಮೇಲಿನದು ಏರಿದಷ್ಟೂ ಸಾಯುತ್ತದೆ. ಗಾಳಿ ಹಿಂಡಿ ತೆಗೆದು 3 ಮಿ.ಮೀ. ತ್ರಿಜ್ಯಕ್ಕೆ ಇಳಿಸಿದರೆ ಅದೇ ಗಡಿ ಸಾವಿರ ಹರ್ಟ್ಸ್ ದಾಟುತ್ತದೆ. ಬಾಯಿ ಬಿಗಿಯುವ ಮುಂಚೆ ಬಲೂನನ್ನು ಬಕೆಟ್ ನೀರಿನಲ್ಲಿ ಕುತ್ತಿಗೆವರೆಗೆ ಅದ್ದಿ, ನೀರಿನ ಒತ್ತಡದಿಂದಲೇ ಗಾಳಿ ಹೊರಗೆ ಹೋಗಲು ಬಿಟ್ಟು ಕಟ್ಟಿದರೆ ವ್ಯತ್ಯಾಸ ಕಿವಿಗೇ ಹೊಡೆದಂತೆ ತಿಳಿಯುತ್ತದೆ.

ಕಾಲರ್ ಮೈಕಿನ ಬಗ್ಗೆ ಹೆಚ್ಚೇನಿಲ್ಲ. ಒಳಗಿರುವುದು ಅದೇ ಎಲೆಕ್ಟ್ರೆಟ್, ಕಟ್ಟುವುದೂ ಅದೇ ಬಲೂನಿನಲ್ಲಿ. ವೈರು ಉದ್ದ, ಅದರೊಳಗಿನ ಲೋಹದ ಹೊದಿಕೆ (ಶೀಲ್ಡ್) ಚೆನ್ನಾಗಿದೆ, ಹಿನ್ನೆಲೆಯ ಸುಯ್‌ ಸದ್ದು ಕಡಿಮೆ. ಮನೆಯಲ್ಲಿ ಈಗಾಗಲೇ ಇದ್ದರೆ ಬಳಸಿ. ನೀರಿಗೆಂದೇ ಕೊಳ್ಳುವ ವಸ್ತುವಲ್ಲ.

ತಾವರೆ ತೊಟ್ಟಿಯಲ್ಲಿ ವ್ಯತ್ಯಾಸ ಎದ್ದು ಕಂಡಿತು. ತೊಟ್ಟಿಯ ತಳದಲ್ಲಿ ಹೈಡ್ರಿಲ್ಲಾ ಗಿಡ ಬೆಳೆದಿದೆ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಎಲೆಗಳಿಂದ ಆಮ್ಲಜನಕದ ಗುಳ್ಳೆಗಳು ಸಾಲುಗಟ್ಟಿ ಏಳುತ್ತವೆ. ಒಂದೊಂದೂ ರಾಗಿಕಾಳಿನಷ್ಟು, ಒಂದೂವರೆ ಮಿ.ಮೀ. ಅಡ್ಡಳತೆ. ಮಿನಾರ್ಟ್ ಲೆಕ್ಕದಲ್ಲಿ ಇದರ ಸ್ವರ 4,000 ಹರ್ಟ್ಸಿನ ಮೇಲೆ. ಬಫರ್ ಹಾಕಿದ ಪೀಜೋದಲ್ಲಿ ಟಿಕ್, ಟಿಕ್, ಟಿಟಿಕ್ ಎಂದು ಒಂದೊಂದು ಗುಳ್ಳೆಯನ್ನೂ ಎಣಿಸಬಹುದು. ಮೋಡ ಬಂದು ಸೂರ್ಯನಿಗೆ ಅಡ್ಡ ನಿಂತರೆ ತುಸು ಹೊತ್ತಿನಲ್ಲೇ ಟಿಕ್ಕುಗಳು ವಿರಳವಾಗುತ್ತವೆ. ಬಲೂನು ಮೈಕಿಗೆ ಇದರ ಸುಳಿವೇ ಇಲ್ಲ. ಅದು ಕೇಳಿಸಿಕೊಂಡದ್ದು ಕೆಳಮನೆಯ ಮಿಕ್ಸಿ. ಬಫರಿಲ್ಲದ ಪೀಜೋ ಮಾತ್ರ ಇಲ್ಲಿ ಮಾನ ಉಳಿಸಿಕೊಂಡಿತು. 800 ಹರ್ಟ್ಸಿನ ಮೇಲೆ ಅದಕ್ಕೂ ಕಿವಿ ಇದೆಯಲ್ಲ.

ಸಂಪಿನಲ್ಲಿ ಲೆಕ್ಕ ತಲೆಕೆಳಗು. ಬೆಳಗ್ಗೆ ಕಾವೇರಿ ನೀರು ಬಿಟ್ಟಾಗ ಪೈಪಿನಿಂದ ಗಾಳಿ ಸಮೇತ ನುಗ್ಗುವ ಸದ್ದಿನಲ್ಲಿ ದೊಡ್ಡ ಗುಳ್ಳೆಗಳ ಗುಡುಗುಡು ಜಾಸ್ತಿ. ಗಾಳಿ ಹಿಂಡಿದ ಬಲೂನು ಮೈಕು ಅದನ್ನು ತುಂಬಿದ ದನಿಯಲ್ಲಿ ಕೊಟ್ಟಿತು. ಬಫರಿನ ಪೀಜೋ ಸರಿಸಮ. ಬರಿಯ ಪೀಜೋದಲ್ಲಿ ಮೇಲಿನ ಸಿಡಿತ ಮಾತ್ರ, ಗುಡುಗೇ ಇಲ್ಲ. ಸಂಪಿನಲ್ಲಿ ಮೋಟಾರ್ ಇದ್ದರೆ ಸ್ವಿಚ್ ಆರಿಸಿಯೇ ವೈರು ಇಳಿಸಿ. ರೆಕಾರ್ಡರ್ ಬ್ಯಾಟರಿಯಲ್ಲೇ ಓಡಲಿ, ಚಾರ್ಜರ್ ಹತ್ತಿರವೂ ಬೇಡ.

ಬಾವಿಗೆ ಇಳಿಬಿಟ್ಟಾಗ ಚಿಕ್ಕಪ್ಪ ಬಂದು ಇಣುಕಿದರು. "ಏನ್ಲಾ ಮಗ, ಕಪ್ಪೆ ಕೈಲಿ ಭಾಷ್ಣ ಮಾಡುಸ್ತಿದ್ದೀಯಾ?" ಕಪ್ಪೆ ಹಾರಿದ್ದು ಮೂರರಲ್ಲೂ ಬಂತು. ಸ್ವಾರಸ್ಯ ಬೇರೆ ಕಡೆ ಇತ್ತು. ತ್ರೀ ಫೇಸ್ ಕರೆಂಟ್ ಬಂದ ಕೂಡಲೇ ಪಕ್ಕದ ಗದ್ದೆಯ ಬೋರ್‌ವೆಲ್ ಮೋಟಾರ್ ಎದ್ದು, ಆ ಗುಂಯ್ ನೆಲದೊಳಗಿಂದ ಬಾವಿ ನೀರಿಗೆ ಇಳಿದು ಬಂತು. ನೀರಿನಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್. ಹಾಗಾಗಿ 50 ಹರ್ಟ್ಸಿನ ಒಂದು ಅಲೆಗೇ 30 ಮೀಟರ್ ಹತ್ತಿರ ಉದ್ದ. ಬಕೆಟ್ಟು, ತೊಟ್ಟಿಗಳಲ್ಲಿ ಇಂಥ ಸದ್ದಿಗೆ ಹರಡಲು ಜಾಗವೇ ಇಲ್ಲ. ಮೈಕಿನ ಕೆಳದನಿ ನೋಡಬೇಕಾದವರು ಬಕೆಟ್ ನಂಬಬೇಡಿ. ಆದರೆ ಕರೆಂಟ್ ಲೈನಿನಿಂದ ವೈರಿಗೆ ಸೇರಿಕೊಳ್ಳುವ ಗುಂಯ್ ಸದ್ದೂ (ಹಮ್) 50 ಹರ್ಟ್ಸೇ, ಪೀಜೋಗೆ ಅದರ ಮೇಲೆ ವಿಪರೀತ ಮೋಹ. ಗೊತ್ತುಮಾಡುವುದು ಸುಲಭ: ಮೈಕನ್ನು ನೀರಿಂದ ಎತ್ತಿ ಹಿಡಿಯಿರಿ. ಗುಂಯ್ ಹಾಗೇ ಉಳಿದರೆ ಅದು ಮೋಟಾರಲ್ಲ, ನಿಮ್ಮ ವೈರಿಂಗು.

ಈ ವೈರಿಂಗಿನ ಹಮ್‌ಗೆ ನನಗೆ ಒಗ್ಗಿದ ಮದ್ದು ಎರಡು ಬಿಲ್ಲೆಗಳನ್ನು ಸೆರಾಮಿಕ್ ಮುಖ ಒಳಗೆ ಬರುವಂತೆ ಎದುರುಬದುರು ಅಂಟಿಸುವುದು. ಹೊರಗಿನ ಎರಡೂ ಹಿತ್ತಾಳೆ ಗ್ರೌಂಡಿಗೆ, ಒಳಗಿನದು ಶೀಲ್ಡ್ ವೈರಿನ ನಡುವಿನ ಎಳೆಗೆ. ಮೇಲೆ ಅರಾಲ್ಡೈಟ್ ಬಳಿದು ರಾತ್ರಿಯಿಡೀ ಬಿಡಿ. ವೈರು ಒಳಹೋಗುವ ಜಾಗಕ್ಕೆ ಇನ್ನೊಂದು ಕೋಟು ಬೇಕೇ ಬೇಕು, ತೇವ ನುಗ್ಗುವುದೇ ಅಲ್ಲಿಂದ. ಬಾತ್‌ರೂಮಿಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕೋನ್ ಬೇಡ. ಅದು ಒಣಗುವಾಗ ಬಿಡುವ ಅಸೆಟಿಕ್ ಆಮ್ಲ ತಾಮ್ರವನ್ನು ತಿನ್ನುತ್ತದೆ. ಸೆರಾಮಿಕ್ಕಿಗೆ ಬೆಸುಗೆ ಹಾಕುವಾಗ ಕಾದ ಐರನ್ ಒಂದೆರಡು ಸೆಕೆಂಡಿಗಿಂತ ಹೆಚ್ಚು ಇಡಬಾರದು, ಬೆಳ್ಳಿ ಪದರ ಕಿತ್ತು ಬರುತ್ತದೆ. ವೈರು ತೊಟ್ಟಿಯ ಅಂಚಿಗೆ ತಾಗದಂತೆ ರಬ್ಬರ್ ಬ್ಯಾಂಡಿನಲ್ಲಿ ತೂಗುಹಾಕಿ.

ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಬಿಟ್ಟರೆ ಹೇಗೆ ಎಂದು ಮಂಡ್ಯದ ಗೆಳೆಯರು ಕೇಳುತ್ತಾರೆ. ಹರಿವ ನೀರು ಮೈಕಿಗೂ ವೈರಿಗೂ ಬಡಿದು ಸುಳಿ ಎಬ್ಬಿಸುತ್ತದೆ, ಆ ಗೊರಗೊರದಲ್ಲಿ ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಏರಿಯೂ ಜಾರು. ನಿಂತ ನೀರೇ ವಾಸಿ.

ನೀರಿಗೇ ಇಳಿಯದ ಒಂದು ದಾರಿಯೂ ಇದೆ. ಮೀನಿನ ಗಾಜಿನ ತೊಟ್ಟಿಯ ಹೊರಮೈಗೆ ಪೀಜೋ ಅಂಟಿಸುವುದು. ಗೋಲ್ಡ್‌ಫಿಶ್ ಗಂಟಲ ಹಲ್ಲಿನಲ್ಲಿ ಕಾಳು ಅರೆಯುವ ಕಟಕಟ ಚೆನ್ನಾಗಿ ಸಿಗುತ್ತದೆ, ಏರ್ ಪಂಪ್ ಆರಿಸಿದ್ದರೆ. ಗಾಜು ತನ್ನ ದನಿ ಸೇರಿಸುತ್ತದೆ ನಿಜ, ಅರಾಲ್ಡೈಟ್ ಒಣಗುವವರೆಗೆ ಕಾಯಲಾಗದ ಮಕ್ಕಳಿರುವ ಮನೆಗೆ ಇದೇ ಸರಿ.

ಬಫರ್ ಮಾಡುವ ತಾಳ್ಮೆ ಇಲ್ಲ, ಎರಡು ಚಾನೆಲ್ ರೆಕಾರ್ಡರ್ ಇದೆ ಎನ್ನುವವರು ಎಡಕ್ಕೆ ಬರಿಯ ಪೀಜೋ, ಬಲಕ್ಕೆ ಗಾಳಿ ಹಿಂಡಿದ ಬಲೂನು ಮೈಕು ಕೊಡಿ. ಒಂದಕ್ಕೆ 800ರ ಮೇಲೆ ಕಿವಿ, ಇನ್ನೊಂದಕ್ಕೆ ಸಾವಿರದ ಕೆಳಗೆ. ಆಮೇಲೆ ಆಡಾಸಿಟಿ ಎಂಬ ಸದ್ದು ತಿದ್ದುವ ತಂತ್ರಾಂಶದಲ್ಲಿ ಎರಡನ್ನೂ ಬೆರೆಸಿಕೊಳ್ಳಬಹುದು. ಎಲೆಕ್ಟ್ರೆಟ್‌ಗೆ ಬೇಕಾದ ಪ್ಲಗ್-ಇನ್ ಪವರ್ (ರೆಕಾರ್ಡರ್ ಮೈಕಿಗೆ ಕೊಡುವ ಪುಟ್ಟ ವೋಲ್ಟೇಜ್) ಆನ್ ಮಾಡಿದಾಗ ಅದು ಪೀಜೋ ಕಡೆಗೂ ಹರಿಯುತ್ತದೆ, ಆ ಎಳೆಯಲ್ಲಿ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದನ್ನು ನಡುವೆ ಹಾಕಿ.